226 ಕೆಜಿ ಬೈಕನ್ನು ಮರಳಲ್ಲಿ ಎಲ್ಲಿ ನಿಲ್ಲಿಸೋದು?

ಮೊದಲ ದಿನ ಹನ್ನೊಂದು ಸಲ ಬಿದ್ದೆ. ಲೆಕ್ಕ ಭಾವನದ್ದು. ನಾನು ಏಳರವರೆಗೆ ಎಣಿಸಿ ಕೈಬಿಟ್ಟಿದ್ದೆ. ಅಷ್ಟು ಬಿದ್ದು ಹೋದದ್ದು ನಾಲ್ಕು ಕಿಲೋಮೀಟರ್ ಕೂಡ ಇರಲಿಕ್ಕಿಲ್ಲ.

ನಾನು ಕುಂದಾಪುರದವನು. ಶಾರ್ಜಾಕ್ಕೆ ಬಂದು ಹದಿನಾಲ್ಕು ವರ್ಷ ಆಯಿತು. ಮರವಂತೆ ಕಡಲತೀರದಲ್ಲಿ ಸ್ಕೂಟರ್ ಕಲಿತವನಿಗೆ ಮರಳು ಏನು ಹೊಸದಾ ಅಂತ ಒಳಗೊಳಗೆ ಕೊಬ್ಬು ಇತ್ತು. ಆದರೆ ಅಲ್ಲಿ ನಾವು ಓಡಿಸುತ್ತಿದ್ದದ್ದು ಅಲೆ ಬಂದು ಹೋದ ಒದ್ದೆ ಮರಳಿನ ಮೇಲೆ. ಅದು ಸಿಮೆಂಟ್ ನೆಲದ ಹಾಗೆ ಗಟ್ಟಿ. ನಾಲ್ಕು ಮಾರು ಮೇಲೆ, ಬಲೆ ಒಣಗಿಸುವ ಕಡೆ ಒಣ ಮರಳಿತ್ತಲ್ಲ, ಅಲ್ಲಿಗೆ ಸ್ಕೂಟರನ್ನು ತಳ್ಳಿಕೊಂಡೇ ಹೋಗುತ್ತಿದ್ದೆವು. ಆ ನೆನಪು ಬರಬೇಕಾದ ಹೊತ್ತಿಗೆ ಬರಲಿಲ್ಲ.

ನನ್ನದು ಸೆಕೆಂಡ್ ಹ್ಯಾಂಡ್ ಹೋಂಡಾ ಆಫ್ರಿಕಾ ಟ್ವಿನ್. 1084 ಸಿಸಿ, ಪೆಟ್ರೋಲ್ ತುಂಬಿದರೆ 226 ಕೆಜಿ. ಹೆಸರಲ್ಲೇ ಮರುಭೂಮಿ ಇದೆ. ಡಾಕರ್ ರ‍್ಯಾಲಿಯಲ್ಲಿ 1986ರಿಂದ 1989ರವರೆಗೆ ಸತತ ನಾಲ್ಕು ಸಲ ಗೆದ್ದ ಹೋಂಡಾ ಬೈಕಿನ ಮನೆತನದ್ದು ಇದು. ಮೊದಲ ಆಫ್ರಿಕಾ ಟ್ವಿನ್ ಬಂದದ್ದು 1988ರಲ್ಲಿ. 2015ರಲ್ಲಿ ನಮ್ಮ ಬೆಂಗಳೂರಿನ ಸಿ.ಎಸ್. ಸಂತೋಷ್ ಡಾಕರ್ ಮುಗಿಸಿದ ಮೊದಲ ಭಾರತೀಯ ಆದಾಗ, 36ನೇ ಸ್ಥಾನ, ನನಗೆ ಈ ಹುಚ್ಚು ಹಿಡಿಯಿತು. 2019ರಲ್ಲಿ ಐಶ್ವರ್ಯಾ ಪಿಸ್ಸೆ ಬಾಜಾ ಅನ್ನುವ ಸಣ್ಣ ರ‍್ಯಾಲಿಗಳ ವಿಶ್ವಕಪ್‌ನ ಮಹಿಳಾ ವಿಭಾಗ ಗೆದ್ದಾಗ ಅದು ಇನ್ನೂ ಏರಿತು. ಒಂದು ವಿಷಯ ಮಾತ್ರ ತಲೆಗೆ ಹೋಗಲಿಲ್ಲ. ಡಾಕರ್‌ನಲ್ಲಿ 2011ರಿಂದ 450 ಸಿಸಿ ಮೀರುವ ಹಾಗಿಲ್ಲ. ಅವರು ಓಡಿಸುವ ಬೈಕು ನನ್ನದರ ಮುಂದೆ ಕರು. ನಾನು ಕಟ್ಟಿಕೊಂಡದ್ದು ಕೋಣವನ್ನು.

ನಾವು ಹೋಗುವುದು ಹೆಚ್ಚಾಗಿ ದುಬೈ-ಹತ್ತಾ ರಸ್ತೆಯ ಬದಿಯ ಲಹಬಾಬ್, ಬದಾಯರ್ ಕಡೆಗೆ. ಅಲ್ಲಿ ಮರಳು ಕೆಂಪು. ಕಬ್ಬಿಣದ ಅಂಶದಿಂದ ಆ ಬಣ್ಣ, ಹತ್ತಿರ ಹತ್ತಿರ ನಮ್ಮೂರ ಮುರಕಲ್ಲಿನ ಪುಡಿ ಚೆಲ್ಲಿದ ಹಾಗೆ. ಬದಾಯರ್‌ನ ದೊಡ್ಡ ದಿಬ್ಬಕ್ಕೆ ಎಲ್ಲರೂ ಹೇಳುವುದು ಬಿಗ್ ರೆಡ್ ಅಂತ. ಅಕ್ಟೋಬರ್‌ನಿಂದ ಏಪ್ರಿಲ್‌ವರೆಗೆ ಮಾತ್ರ ನಮ್ಮ ಸವಾರಿ. ಬೇಸಿಗೆಯಲ್ಲಿ ಹೆಲ್ಮೆಟ್, ಬೂಟು, ಜಾಕೆಟ್ ಹಾಕಿಕೊಂಡು ಅಲ್ಲಿ ನಿಂತರೆ ಸಾಕು, ಸಾಯಲು ಬೇರೇನೂ ಮಾಡಬೇಕಿಲ್ಲ.

ಆ ಮೊದಲ ದಿನಕ್ಕೆ ಬರುತ್ತೇನೆ. ಹೋಗುವ ಮೊದಲು ಕಂಡವರೆಲ್ಲ ಒಂದೇ ಮಾತು ಹೇಳಿದ್ದರು: ಹೆದರಬೇಡ, ಎಕ್ಸಲೇಟರ್ ಬಿಡಬೇಡ. ಮಾತು ಸುಳ್ಳಲ್ಲ. ಮರಳಲ್ಲಿ ಬೈಕು ಹೋಗುವುದು ನಮ್ಮ ಮೋಟಾರು ದೋಣಿ ನೀರಲ್ಲಿ ಹೋದ ಹಾಗೆ. ವೇಗ ಇದ್ದರೆ ಮೂತಿ ಎತ್ತಿಕೊಂಡು ಮೇಲ್ಮೈಯಲ್ಲಿ ಜಾರುತ್ತದೆ. ಎಕ್ಸಲೇಟರ್ ಬಿಟ್ಟಿರೋ, ಭಾರವೆಲ್ಲ ಮುಂದಿನ ಚಕ್ರಕ್ಕೆ ಬೀಳುತ್ತದೆ, ಅದು ಮರಳಿಗೆ ನಾಟುತ್ತದೆ, ಹ್ಯಾಂಡಲ್ ಪಕ್ಕಕ್ಕೆ ಮಡಚುತ್ತದೆ. ನನ್ನ ಹನ್ನೊಂದರಲ್ಲಿ ನಾಲ್ಕೋ ಐದೋ ಸಲ ಬಿದ್ದದ್ದು ಹೀಗೆ. ಹ್ಯಾಂಡಲ್ ಅಲ್ಲಾಡಿದ ಕೂಡಲೇ ಕೈ ತಾನಾಗೇ ಎಕ್ಸಲೇಟರ್ ಬಿಡುತ್ತದೆ. ರಸ್ತೆಯಲ್ಲಿ ಇಪ್ಪತ್ತು ವರ್ಷ ಕಲಿತ ಬುದ್ಧಿ ಅದು, ಒಂದು ಬೆಳಿಗ್ಗೆಗೆ ಹೋಗುತ್ತದಾ?

ಉಳಿದ ಆರೋ ಏಳೋ ಸಲ? ಓಡಿಸುವಾಗ ಬಿದ್ದದ್ದೇ ಅಲ್ಲ. ನಿಲ್ಲಿಸುವಾಗ, ಇಲ್ಲ ನಿಲ್ಲಿಸಿದ ಮೇಲೆ ಹೊರಡುವಾಗ ಬಿದ್ದದ್ದು. ಇದನ್ನು ಯಾರೂ ಹೇಳಿರಲಿಲ್ಲ. ಏರಿನ ನಡುವೆ ಧೈರ್ಯ ಸಾಲದೆ ನಿಂತೆ. ಕಾಲೂರಿದರೆ ನೆಲ ಒಂದು ಗೇಣು ಕೆಳಗೆ ಹೋಯಿತು. ಬೈಕು ಒಂದಿಷ್ಟು ವಾಲಿತು. 226 ಕೆಜಿ ಒಮ್ಮೆ ಹದ ತಪ್ಪಿ ವಾಲಿದರೆ ಭೀಮನೂ ಹಿಡಿಯಲಾರ, ಹಿಡಿಯಲೂ ಬಾರದು, ಸೊಂಟ ಹೋಗುತ್ತದೆ. ಸುಮ್ನೆ ಬಿಟ್ಟು ಆಚೆ ಸರಿಯಬೇಕು. ಮರಳಲ್ಲಿ ಬಿದ್ದ ಬೈಕಿಗೆ ಅಷ್ಟೇನೂ ಆಗುವುದಿಲ್ಲ.

ಮೂರನೇ ಸಲ ಬಿದ್ದ ಮೇಲೆ ಬೈಕು ಸ್ಟಾರ್ಟೇ ಆಗಲಿಲ್ಲ. ಎದೆ ಧಸಕ್ಕೆಂದಿತು. ಭಾವನಿಗೆ ಫೋನು ಹಚ್ಚಿ ಟೋ ಟ್ರಕ್ಕಿನ ಮಾತೂ ಆಡಿದೆ. ಆಮೇಲೆ ತಿಳಿದದ್ದು: ಬೈಕು ಅಡ್ಡ ಬಿದ್ದರೆ ಒಂದು ಸೆನ್ಸರ್ ಎಂಜಿನ್ ಆಫ್ ಮಾಡುತ್ತದೆ. ಕೀಲಿಯನ್ನು ಒಮ್ಮೆ ಆಫ್ ಮಾಡಿ ಆನ್ ಮಾಡಿದರೆ ಸಾಕು. ಅರ್ಧ ಗಂಟೆ ಬಿಸಿಲಲ್ಲಿ ಕೂತದ್ದು ಇದಕ್ಕಾಗಿ.

ಭಾವ ಅಂದರೆ ಹೆಂಡತಿಯ ಅಣ್ಣ. ಅವರ ಹಳೇ ಪಜೆರೋ ಪ್ರತಿ ಸಲ ನನ್ನ ಹಿಂದೆಯೇ ಬರುತ್ತದೆ. ಹಗ್ಗ, ಸಲಿಕೆ, ಇಪ್ಪತ್ತು ಲೀಟರ್ ನೀರು, ಗಾಳಿ ಹಾಕುವ ಕಂಪ್ರೆಸರ್, ಜೊತೆಗೆ ಮನೆಯಿಂದ ಕಟ್ಟಿಕೊಟ್ಟ ಅವಲಕ್ಕಿ. ಒಬ್ಬನೇ ಮರಳಿಗೆ ಹೋಗುವುದು ಬೇಡ, ಇದರಲ್ಲಿ ನನಗೆ ಎರಡು ಮಾತಿಲ್ಲ. ದಿಬ್ಬದ ಆಚೆ ಬದಿಯಲ್ಲಿ ಕಾಲು ಸಿಕ್ಕಿಕೊಂಡು ಬಿದ್ದವನು ನೂರು ಮೀಟರ್ ದೂರದ ರಸ್ತೆಯಲ್ಲಿ ಹೋಗುವವರಿಗೆ ಕಾಣಿಸುವುದಿಲ್ಲ.

ಹೀಗೆ ಸಿಕ್ಕಿಕೊಂಡವನು ನಾನೇ. ಎರಡನೇ ತಿಂಗಳು. ಸ್ವಲ್ಪ ಕೈ ಪಳಗಿತ್ತು. ಒಂದು ಎತ್ತರದ ದಿಬ್ಬ ಅರ್ಧ ಏರಿದಾಗ ಹಿಂದಿನ ಚಕ್ರ ಹುಗಿಯತೊಡಗಿತು. ಅಡ್ಡಕ್ಕೆ ತಿರುಗಿಸಿ ನಿಲ್ಲಿಸಿದೆ. ಇಳಿಜಾರಿನ ಬದಿಯ ಕಾಲನ್ನು ಕೆಳಗಿಟ್ಟೆ. ಆ ಕಾಲಿಗೆ ನೆಲವೇ ಸಿಗಲಿಲ್ಲ. ನಾನು ಕೆಳಗೆ, ನನ್ನ ಮೇಲೆ ಬೈಕು. ಪುಣ್ಯಕ್ಕೆ ಎಡಕ್ಕೆ ಬಿದ್ದೆ, ಸೈಲೆನ್ಸರ್ ಬಲಕ್ಕಿತ್ತು. ಭಾವ ಏದುಸಿರು ಬಿಡುತ್ತಾ ನಡೆದೇ ಹತ್ತಿ ಬಂದರು.

"ಎಂತ ಮಾಡ್ಕಂಡ್ಯಾ ಮಾರಾಯಾ?"

"ಕಾಲು ಭಾವ, ಕಾಲು."

"ಅಲುಗಾಡಬೇಡ. ಎಳೀಬೇಡ. ತಡಿ."

ಅವರು ಬೈಕು ಎತ್ತಲು ಹೋಗಲಿಲ್ಲ. ಬರಿಗೈಯಲ್ಲಿ ನನ್ನ ಕಾಲ ಸುತ್ತ ಮರಳು ತೋಡಿದರು, ನಾಯಿ ತೋಡಿದ ಹಾಗೆ. ಎರಡು ನಿಮಿಷದಲ್ಲಿ ಕಾಲು ಹೊರಗೆ ಬಂತು. ಮರಳಿನದ್ದು ಅದೊಂದು ಉಪಕಾರ. ಕಲ್ಲು ನೆಲವಾಗಿದ್ದರೆ ಮೂಳೆ ಮುರಿಯುತ್ತಿತ್ತು. ಪಾದದ ಗಂಟು ಉಳುಕಿ ಮೂರು ವಾರ ಆಫೀಸಿಗೆ ಕುಂಟಿಕೊಂಡು ಹೋದೆ. ಹೆಂಡತಿ ಏನು ಹೇಳಿದಳು ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ.

ಬೈಕು ಮುಟ್ಟದ ಆ ಮೂರು ವಾರ ಒಂದೇ ಪ್ರಶ್ನೆ ತಲೆಯಲ್ಲಿ. ಹೇಗೆ ಓಡಿಸುವುದು ಅಂತಲ್ಲ, ಎಲ್ಲಿ ನಿಲ್ಲಿಸುವುದು ಅಂತ.

ಉತ್ತರ ಇರುವುದು ದಿಬ್ಬದ ಆಕಾರದಲ್ಲಿ. ಗಾಳಿ ಬೀಸುವ ಬದಿ ನಿಧಾನದ ಏರು, ಮರಳು ಒತ್ತಿ ಕೂತು ಗಟ್ಟಿಯಾಗಿರುತ್ತದೆ. ನೆತ್ತಿ ದಾಟಿ ಉದುರಿದ ಮರಳು ಆಚೆ ಬದಿಯಲ್ಲಿ ಕಡಿದಾಗಿ, ಸಡಿಲವಾಗಿ ನಿಲ್ಲುತ್ತದೆ. ಒಣ ಮರಳು ಮೂವತ್ತಮೂರು, ಮೂವತ್ತನಾಲ್ಕು ಡಿಗ್ರಿಗಿಂತ ಜಾಸ್ತಿ ಕಡಿದಾಗಿ ನಿಲ್ಲದು, ಜಾರುತ್ತದೆ. ಇಲ್ಲಿ ಹೆಚ್ಚಾಗಿ ಬೀಸುವುದು ವಾಯವ್ಯದಿಂದ ಬರುವ ಶಮಾಲ್ ಗಾಳಿ. ಹಾಗಾಗಿ ಕಡಿದಾದ ಬದಿ ಸಾಮಾನ್ಯವಾಗಿ ಆಗ್ನೇಯಕ್ಕೆ. ನಿನ್ನೆ ಮೊನ್ನೆಯ ಗಾಳಿ ತಿರುಗಿದ್ದರೆ ನೆತ್ತಿಯೂ ತಿರುಗಿರುತ್ತದೆ, ಅದಕ್ಕೇ ಕಣ್ಣಿಂದ ನೋಡದೆ ನಂಬುವುದಿಲ್ಲ. ಗೆರೆ ಗೆರೆಯಾಗಿ ಅಲೆ ಎದ್ದ ಮರಳು ಬಹುಮಟ್ಟಿಗೆ ಭಾರ ತಡೆಯುತ್ತದೆ. ನುಣ್ಣಗೆ, ಹಿಟ್ಟು ಜರಡಿ ಹಿಡಿದ ಹಾಗೆ ಕಂಡರೆ ಅಲ್ಲಿ ನಿಲ್ಲಬಾರದು.

ಈಗ ನಾನು ನಿಲ್ಲಿಸುವುದು ಮೂತಿ ಕೆಳಕ್ಕೆ ಮಾಡಿ. ಸಣ್ಣ ಇಳಿಜಾರಾದರೂ ಸಾಕು. ಬ್ರೇಕ್ ಮುಟ್ಟುವುದಿಲ್ಲ. ಕ್ಲಚ್ ಹಿಡಿದರೆ ಮರಳೇ ನಿಲ್ಲಿಸುತ್ತದೆ. ಮುಂದಿನ ಬ್ರೇಕ್ ಅಂತೂ ಇದೆ ಅನ್ನುವುದನ್ನೇ ಮರೆಯಬೇಕು. ಹೀಗೆ ನಿಂತರೆ ಹೊರಡುವಾಗ ಬೈಕಿನ ಭಾರವೇ ನನ್ನ ಪರ. ಏರಿನಲ್ಲಿ ಶಕ್ತಿ ಸಾಲದು ಅನಿಸಿದರೆ ನಿಲ್ಲುವ ಮೊದಲೇ, ವೇಗ ಇರುವಾಗಲೇ, ಅಗಲವಾಗಿ ತಿರುಗಿ ಕೆಳಗೆ ಬರುತ್ತೇನೆ. ತಿರುಗಲು ತಡವಾಯಿತೋ, ಅದೇ ಹಳೇ ಕತೆ. ನೆತ್ತಿ ಹತ್ತಿರ ಬಂದಾಗ ಎಕ್ಸಲೇಟರ್ ಇಳಿಸಿ, ಹೊಟ್ಟೆ ನೆತ್ತಿಗೆ ತಾಗುವಷ್ಟರಲ್ಲಿ ನಿಂತು, ಆಚೆ ಏನಿದೆ ನೋಡುತ್ತೇನೆ. ಕಾಣದ ನೆತ್ತಿಯ ಮೇಲೆ ಹಾರುವವರನ್ನು ವಿಡಿಯೋದಲ್ಲಿ ನೋಡಲು ಚೆಂದ. ಆಚೆ ಇನ್ನೊಬ್ಬನ ಕಾರು ಹೂತು ನಿಂತಿದ್ದರೆ? ಇಳಿಯುವುದು ಮಾತ್ರ ನೇರವಾಗಿ, ಗೇರಿನಲ್ಲಿ, ಸೊಂಟ ಹಿಂದಕ್ಕೆ. ಅಡ್ಡಡ್ಡ ಇಳಿದರೆ ಕೆಳಗಿನ ಮರಳು ಬೈಕನ್ನೂ ಕರೆದುಕೊಂಡು ಜಾರುತ್ತದೆ.

ಕೂತು ಓಡಿಸುವವರೂ ಇದ್ದಾರೆ. ನನ್ನಿಂದ ಆಗದು. ನಿಂತೇ ಓಡಿಸುವುದು, ಮೊಣಕಾಲಿನಲ್ಲಿ ಟ್ಯಾಂಕು ಹಿಡಿದು, ಕೈ ಸಡಿಲ ಬಿಟ್ಟು. ಮೊದಲು ನಾನು ಕಂಬಳದಲ್ಲಿ ಹಲಗೆ ಮೇಲೆ ನಿಂತವನು ಹಗ್ಗಕ್ಕೆ ಜೋತುಬಿದ್ದ ಹಾಗೆ ಹ್ಯಾಂಡಲ್‌ಗೆ ಜೋತುಬೀಳುತ್ತಿದ್ದೆ. ಹಾಗೆ ಜೋತುಬಿದ್ದರೆ ಮರಳು ಹ್ಯಾಂಡಲ್ ಅಲ್ಲಾಡಿಸಿದ್ದೆಲ್ಲ ಭುಜಕ್ಕೆ ಬರುತ್ತದೆ, ಎಕ್ಸಲೇಟರೂ ನಮಗೆ ಗೊತ್ತಿಲ್ಲದೆ ತಿರುಗುತ್ತದೆ. ಹ್ಯಾಂಡಲ್ ಸ್ವಲ್ಪ ಆಡಲಿ ಬಿಡಿ. ಕಣ್ಣು ದೂರಕ್ಕಿರಲಿ. ಎರಡನೇ ಗೇರು, ಬಯಲು ಸಿಕ್ಕರೆ ಮೂರನೆಯದು.

ಟಯರ್ ಗಾಳಿ: ರಸ್ತೆಯಲ್ಲಿ ಮೂವತ್ತರ ಮೇಲಿರುವುದನ್ನು 17 ಪಿಎಸ್‌ಐಗೆ ಇಳಿಸುತ್ತೇನೆ. ಟಯರ್ ಉದ್ದಕ್ಕೆ ಹರಡಿ ನಿಲ್ಲುತ್ತದೆ. ಇನ್ನೂ ಇಳಿಸಬಹುದು, ಆದರೆ ನನ್ನದು ಟ್ಯೂಬ್ ಟಯರ್. ರಿಮ್ಮಿನ ಮೇಲೆ ಟಯರ್ ಜಾರಿದರೆ ವಾಲ್ವ್ ಕಿತ್ತುಹೋಗುತ್ತದೆ. ಒಮ್ಮೆ ಹದಿಮೂರಕ್ಕೆ ಇಳಿಸಿ ಅದನ್ನೂ ನೋಡಿ ಆಗಿದೆ. ಹಿಂದಿನ ಚಕ್ರ ಜಾರಿ ತಿರುಗದಂತೆ ತಡೆಯುವ ಟ್ರ್ಯಾಕ್ಷನ್ ಕಂಟ್ರೋಲ್ ಆಫ್ ಇರಬೇಕು, ಇಲ್ಲದಿದ್ದರೆ ಚಕ್ರ ತಿರುಗಲೇಬೇಕಾದ ಜಾಗದಲ್ಲಿ ಅದು ಎಂಜಿನ್ನಿನ ಕತ್ತು ಹಿಸುಕುತ್ತದೆ. ಹಿಂದೆ ಕಟ್ಟುವ ಲಗೇಜಿನ ಅಲ್ಯೂಮಿನಿಯಂ ಪೆಟ್ಟಿಗೆಗಳನ್ನು ಮನೆಯಲ್ಲೇ ಬಿಡಿ. ಕಾಲು ಕೆಳಗಿಟ್ಟಾಗ ಹಿಂದಿನಿಂದ ಅದು ಬಂದು ಮೀನಖಂಡಕ್ಕೆ ಹೊಡೆಯುತ್ತದೆ.

ಚಕ್ರ ಹೂತರೆ ಏನು ಮಾಡಬಾರದು ಅನ್ನುವುದಕ್ಕೆ ನಾನು ದುಡ್ಡು ಕೊಟ್ಟಿದ್ದೇನೆ. ಹೂತ ಚಕ್ರವನ್ನು ಅರ್ಧ ಕ್ಲಚ್‌ನಲ್ಲಿ ಗಿರ್ರೆಂದು ತಿರುಗಿಸಿ, ಸುಟ್ಟ ವಾಸನೆ ಬಂದರೂ ಬಿಡದೆ, ಕೊನೆಗೆ ಕ್ಲಚ್ ಪ್ಲೇಟ್ ಪೂರ್ತಿ ಹೊಸದು ಹಾಕಿಸಬೇಕಾಯಿತು. ಗ್ಯಾರೇಜಿನವನು ಬಿಲ್ ಕೊಡುವಾಗ ನಗುತ್ತಿದ್ದ. ಈಗ ಹೂತ ಕೂಡಲೇ ಎಂಜಿನ್ ಆಫ್. ಸ್ಟ್ಯಾಂಡೇ ಬೇಡ, ಬೈಕು ತಾನಾಗಿ ನಿಂತಿರುತ್ತದೆ. ನೀರು ಕುಡಿಯುತ್ತೇನೆ. ಆಮೇಲೆ ಬೈಕನ್ನು ಮೆಲ್ಲಗೆ ಪಕ್ಕಕ್ಕೆ ಮಲಗಿಸಿ, ಗುಂಡಿಗೆ ಕಾಲಿನಿಂದ ಮರಳು ತುಂಬಿ, ಮಲಗಿದ ಬೈಕನ್ನೇ ಎಳೆದು ಮೂತಿ ಇಳಿಜಾರಿನ ಕಡೆ ತಿರುಗಿಸುತ್ತೇನೆ. ಮರಳಲ್ಲಿ ಅದು ಆಶ್ಚರ್ಯ ಆಗುವಷ್ಟು ಸುಲಭವಾಗಿ ತಿರುಗುತ್ತದೆ. ಎತ್ತುವಾಗ ಚಕ್ರಗಳು ಇಳಿಜಾರಿನ ಕೆಳಬದಿಗೆ ಇರಬೇಕು. ಚಕ್ರ ಮೇಲ್ಬದಿಗೆ ಇರುವ ಹಾಗೆ ಬಿದ್ದದ್ದನ್ನು ಹಾಗೇ ಎತ್ತಲು ಹೋಗಬೇಡಿ. ಬೆನ್ನು ಬಗ್ಗಿಸದೆ, ಸೀಟಿಗೆ ಬೆನ್ನು ಕೊಟ್ಟು, ಕಾಲಿನ ಬಲದಲ್ಲಿ ಹಿಂದಕ್ಕೆ ನಡೆಯುತ್ತಾ ಎತ್ತುವುದು. ಐವತ್ತರ ಹತ್ತಿರದ ನನಗೆ ಹಾಗೆ ಐದು ಸಲ ಆಗುತ್ತದೆ. ಆರನೆಯದಕ್ಕೆ ಭಾವ ಬೇಕು.

ಹೊತ್ತಿನ ಮಾತು. ಬೆಳಗ್ಗೆ ಇಬ್ಬನಿ ಕುಡಿದ ಮರಳು ಗಟ್ಟಿ. ಸೂರ್ಯ ಕೆಳಗಿರುವುದರಿಂದ ದಿಬ್ಬಕ್ಕೆ ನೆರಳಿರುತ್ತದೆ, ಏರು ತಗ್ಗು ಕಣ್ಣಿಗೆ ಕಾಣುತ್ತದೆ. ಹತ್ತು ಗಂಟೆ ದಾಟಿತೋ, ಮರಳು ಒಣಗಿ ಸಡಿಲ, ನೆರಳೂ ಮಾಯ. ಎಲ್ಲ ಒಂದೇ ಬಣ್ಣದ ಹಾಳೆ. ಎದುರಿಗಿರುವ ಹೊಂಡ ಚಕ್ರ ಬಿದ್ದ ಮೇಲೆ ಗೊತ್ತಾಗುತ್ತದೆ. ನಾವು ಐದಕ್ಕೆ ಮನೆ ಬಿಟ್ಟು ಹತ್ತಕ್ಕೆ ಮುಗಿಸುತ್ತೇವೆ.

ಮುಗಿಸಿ ಕೂರುವುದು ಒಂದು ಘಾಫ್ ಮರದ ಕೆಳಗೆ. ಈ ದೇಶದ ರಾಷ್ಟ್ರೀಯ ಮರ ಅದು. ಶಮೀ ವೃಕ್ಷ ಅಂತ ನಾವು ಹೇಳುವುದೂ ಇದನ್ನೇ. ಪಾಂಡವರು ಆಯುಧ ಬಚ್ಚಿಟ್ಟ ಮರ. ಮೊದಲ ಸಲ ಗೊತ್ತಾದಾಗ ಭಾವ ಬೂಟು ಬಿಚ್ಚಿ ಕೈ ಮುಗಿದರು. ನಾನು ಹೆಲ್ಮೆಟ್ಟು, ಜಾಕೆಟ್ಟು ಎಲ್ಲ ಅದರ ಕೊಂಬೆಗೆ ನೇತುಹಾಕಿದೆ. ಆಯುಧವೇ ತಾನೆ.

ಹೋದ ಚಳಿಗಾಲ ಲಿವಾಕ್ಕೂ ಹೋಗಿದ್ದೆವು. ರುಬ್ ಅಲ್ ಖಾಲಿ ಮರುಭೂಮಿಯ ಅಂಚು. ಅಲ್ಲಿನ ತಲ್ ಮೊರೀಬ್ ಸುಮಾರು 300 ಮೀಟರ್ ಎತ್ತರದ ಮರಳ ಗುಡ್ಡ. ಸಣ್ಣ ಬೈಕಿನ ಹುಡುಗರು ಅಂಕಲ್ ಬನ್ನಿ ಅಂತ ಕರೆದರು. ಬುಡದಲ್ಲಿ ನಿಂತು ಕತ್ತೆತ್ತಿ ನೋಡಿದೆ. ನನಗೂ ನನ್ನ ಕೋಣಕ್ಕೂ ಅದು ಬೇಡ ಅನಿಸಿತು, ಬೇಜಾರೂ ಆಗಲಿಲ್ಲ. ಪಕ್ಕದ ಸಣ್ಣ ದಿಬ್ಬಗಳಲ್ಲಿ ಒಂದೂವರೆ ಗಂಟೆ ಸುತ್ತಿದೆ. ಏರಿ, ನೆತ್ತಿಯಲ್ಲಿ ನಿಂತು, ನೋಡಿ, ಇಳಿದು. ಎಲ್ಲೂ ಹೂತುಹೋಗಲಿಲ್ಲ.

ವಾಪಸು ಬಂದಾಗ ಭಾವ ಫ್ಲಾಸ್ಕಿನಿಂದ ಚಾ ಬಗ್ಗಿಸುತ್ತಿದ್ದರು.

"ಇವತ್ತು ಎಷ್ಟು?"

"ಸೊನ್ನೆ," ಅಂದೆ. ಅಂದು ಬೈಕಿನಿಂದ ಇಳಿದು ಚಾ ತೆಗೆದುಕೊಳ್ಳಲು ಕೈ ಚಾಚಿದೆ. ಸೈಡ್ ಸ್ಟ್ಯಾಂಡ್ ಕೆಳಗೆ ಇಡಲೆಂದೇ ದಾರ ಕಟ್ಟಿಟ್ಟುಕೊಂಡಿರುವ ಪ್ಲೈವುಡ್ ತುಂಡು ಹ್ಯಾಂಡಲ್‌ನಲ್ಲೇ ನೇತಾಡುತ್ತಿತ್ತು. ಹಿಂದೆ ಧೊಪ್ಪೆಂದು ಸದ್ದಾಯಿತು.

"ಒಂದು," ಅಂದರು ಭಾವ.