ಮೊದಲು ಅಡುಗೆಮನೆ ಮುಚ್ಚಿದೆ, ಆಮೇಲೆ ಅಂಗಡಿ

ನನಗೆ ಬೆಂಗಳೂರಿನಲ್ಲಿ ಆರು ದರ್ಶಿನಿ, ಅಂದರೆ ಟೋಕನ್ ತಗೊಂಡು ತಿನ್ನುವ ತಿಂಡಿ ಹೋಟೆಲ್, ಇತ್ತು. ನಾಲ್ಕಕ್ಕೆ ನಾನೇ ಬೀಗ ಹಾಕಿದೆ. ಈಗ ಮತ್ತೆ ನಾಲ್ಕಾಗಿದೆ, ಬ್ಯಾಂಕಿಗೆ ಒಂದು ರೂಪಾಯಿ ಕೊಡೋದು ಬಾಕಿಯಿಲ್ಲ. 2018ರಲ್ಲಿ ನಕ್ಕವರೇ ಈಗ ಫೋನ್ ಮಾಡಿ "ಅದೇನು ಮಾಡಿದ್ರಿ, ಸ್ವಲ್ಪ ಹೇಳಿ" ಅನ್ನುತ್ತಾರೆ. ಒಬ್ಬೊಬ್ಬರಿಗೂ ಹೇಳಿ ಸಾಕಾಗಿದೆ, ಅದಕ್ಕೇ ಬರೆಯುತ್ತಿದ್ದೇನೆ. ಹೋಟೆಲ್ ನಡೆಸುವವರಿಗೆ ಬರೆದದ್ದಿದು. ಗ್ರೈಂಡರ್ ಯಾವುದು, ಲೈಸೆನ್ಸ್ ಹೇಗೆ ಅನ್ನೋದೆಲ್ಲ ಇದರಲ್ಲಿಲ್ಲ. ಲೆಕ್ಕವೆಲ್ಲ ನೆನಪಿನಿಂದ. ಐದು ಹತ್ತು ಸಾವಿರ ಆಚೀಚೆ ಇದ್ದೀತು.

ನನಗೆ ಮೊದಲ ಪೆಟ್ಟು ಬಿದ್ದದ್ದು 2016ರ ಸೆಪ್ಟೆಂಬರ್ 12ರಂದು. ಕಾವೇರಿ ಗಲಾಟೆ. ಆಗ ನಮ್ಮದು ಒಂದೇ ದೊಡ್ಡ ಅಡುಗೆಮನೆ, ಕಾಮಾಕ್ಷಿಪಾಳ್ಯದಲ್ಲಿ. ಆರೂ ಅಂಗಡಿಯ ಹಿಟ್ಟು, ಚಟ್ನಿ, ಸಾಂಬಾರು ಅಲ್ಲೇ ತಯಾರಾಗಿ ಬೆಳಗಿನ ನಾಲ್ಕಕ್ಕೆ ಎರಡು ಟೆಂಪೋದಲ್ಲಿ ಹೊರಡುತ್ತಿತ್ತು. ಅವತ್ತು ರಾತ್ರಿ ಹದಿನಾರು ಪೊಲೀಸ್ ಠಾಣೆ ವ್ಯಾಪ್ತಿಯಲ್ಲಿ ಕರ್ಫ್ಯೂ ಹಾಕಿದರು. ಕಾಮಾಕ್ಷಿಪಾಳ್ಯವೂ ಅದರಲ್ಲಿತ್ತು. ಜಯನಗರದಲ್ಲಿ ಕರ್ಫ್ಯೂ ಇರಲಿಲ್ಲ, ಆದರೂ ನಮ್ಮ ಜಯನಗರದ ಅಂಗಡಿಯಲ್ಲಿ ಇಡ್ಲಿ ಇಲ್ಲ. ಎದುರಿಗಿನ ಒಂಟಿ ಹೋಟೆಲಿನವರು ಹಿಂದಿನ ಕೋಣೆಯಲ್ಲೇ ರುಬ್ಬಿಕೊಳ್ಳುತ್ತಿದ್ದರು. ಎರಡು ದಿನ ಅವರಲ್ಲಿ ಜಾತ್ರೆ. ಕರ್ಫ್ಯೂ ಸಡಿಲವಾದ ಮೇಲೆ ಅಡುಗೆಮನೆಯ ಶಟರ್ ಎತ್ತಿದೆ. ನಾನೂರು ಕೆಜಿ ಹಿಟ್ಟು ಉಬ್ಬಿ, ಡ್ರಮ್ಮಿನ ಮುಚ್ಚಳ ತಳ್ಳಿಕೊಂಡು, ಮೋರಿಯವರೆಗೆ ಹರಿದು ಒಣಗಿತ್ತು. ಆ ಹುಳಿ ವಾಸನೆ ವಾರಗಟ್ಟಲೆ ಹೋಗಲಿಲ್ಲ.

ಎರಡು ತಿಂಗಳಿಗೆ ನೋಟು ರದ್ದು. ನವೆಂಬರ್ 8ರ ರಾತ್ರಿ ಎಂಟಕ್ಕೆ ಸುದ್ದಿ. ಮರುದಿನ ಬೆಳಿಗ್ಗೆ ಆರು ಗಂಟೆಗೆ ಟೋಕನ್ ಕೌಂಟರಿನಲ್ಲಿ ಎಲ್ಲರ ಕೈಯಲ್ಲೂ ಐನೂರರ ನೋಟು. ಒಂಟಿ ಹೋಟೆಲಿನ ಯಜಮಾನ ಮುಖ ನೋಡಿ "ಆಮೇಲೆ ಕೊಡಿ ಸಾರ್" ಅಂದು ಕಳಿಸಿದ. ಅವನ ದುಡ್ಡು, ಅವನ ಧೈರ್ಯ. ನನ್ನ ಮ್ಯಾನೇಜರ್ ಸಂಬಳದವನು, ಸಾಲ ಕೊಡಲು ಅವನಿಗೆ ಅಧಿಕಾರ ಎಲ್ಲಿಂದ ಬರಬೇಕು? ಗಿರಾಕಿಯನ್ನು ವಾಪಸ್ ಕಳಿಸಿದ. ಆ ತಿಂಗಳು ಮೂರನೇ ಒಂದು ಭಾಗ ವ್ಯಾಪಾರ ಬಿತ್ತು.

2017ರ ಜುಲೈಗೆ ಜಿಎಸ್‌ಟಿ ಬಂತು. ಎಸಿ ಇಲ್ಲದ ಹೋಟೆಲಿಗೆ ಶೇ 12, ಇದ್ದರೆ ಶೇ 18. ನವೆಂಬರ್ 15ರಿಂದ ನಮ್ಮಂಥವರಿಗೆಲ್ಲ ಶೇ 5 ಅಂದರು. ಗಿರಾಕಿಗೆ ಖುಷಿ. ಆದರೆ ನಾವು ಕೊಳ್ಳುವಾಗ ಕಟ್ಟಿದ ತೆರಿಗೆಯನ್ನು ಸರ್ಕಾರಕ್ಕೆ ಕೊಡಬೇಕಾದ ತೆರಿಗೆಯಲ್ಲಿ ಮುರಿದುಕೊಳ್ಳೋದು ಅಲ್ಲಿಗೆ ನಿಂತಿತು. ಬಾಡಿಗೆ ಮೇಲಿನ 18, ಕಮರ್ಷಿಯಲ್ ಸಿಲಿಂಡರ್ ಮೇಲಿನ 18, ಎಲ್ಲ ನಮ್ಮ ಜೇಬಿನಿಂದಲೇ. ಇದು ಹೆಚ್ಚು ಕಚ್ಚಿದ್ದು ದೊಡ್ಡ ಬಿಲ್ಡಿಂಗಿನಲ್ಲಿ ದೊಡ್ಡ ಬಾಡಿಗೆ ಕೊಡುವವರನ್ನು. ಅಂದರೆ ಬ್ರಾಂಚ್ ಇಟ್ಟವರನ್ನು.

ಆ ಡಿಸೆಂಬರಿನಲ್ಲಿ ಒಂದು ಭಾನುವಾರ ಹಳೇ ಕ್ಯಾಲೆಂಡರಿನ ಹಿಂಬದಿಯಲ್ಲಿ ಲೆಕ್ಕ ಹಾಕುತ್ತಾ ಕೂತೆ. ಔಟರ್ ರಿಂಗ್ ರೋಡಿನ ಅಂಗಡಿ ನಮ್ಮ ಹೆಮ್ಮೆ. ವಾರದ ದಿನ 72 ಸಾವಿರ ಗಲ್ಲಾ. ಶನಿವಾರ ಭಾನುವಾರ ಐಟಿಯವರಿಲ್ಲ, 22 ಸಾವಿರ ಆದರೆ ಪುಣ್ಯ. ಬಾಡಿಗೆ ಮೂರು ಲಕ್ಷ ಅರವತ್ತು ಸಾವಿರ, ತೆರಿಗೆ ಸೇರಿದರೆ ನಾಲ್ಕೂಕಾಲು ಲಕ್ಷ. ಸರಾಸರಿ ನೋಡಿದರೆ ಏಳು ದಿನದ ಗಲ್ಲಾ ಪೂರ್ತಿ ಬಾಡಿಗೆಗೇ. ಬಸವೇಶ್ವರನಗರದ ಚಿಕ್ಕ ಅಂಗಡಿಯಲ್ಲಿ ದಿನಕ್ಕೆ 32 ಸಾವಿರ, ಬಾಡಿಗೆ 85 ಸಾವಿರ. ಮೂರು ದಿನ ತುಂಬುವ ಮೊದಲೇ ಬಾಡಿಗೆ ಹುಟ್ಟುತ್ತದೆ. ಎಲ್ಲರೂ ಹೊಗಳುತ್ತಿದ್ದ ಅಂಗಡಿಯನ್ನು ಯಾರೂ ಕೇಳದ ಅಂಗಡಿ ಸಾಕುತ್ತಿತ್ತು.

ಅವತ್ತೇ ಒಂದು ನಿಯಮ ಮಾಡಿಕೊಂಡೆ. ತಿಂಗಳ ಬಾಡಿಗೆ, ತೆರಿಗೆ ಸೇರಿ, ನಾಲ್ಕು ದಿನದ ಗಲ್ಲಾದಲ್ಲಿ ಹುಟ್ಟಬೇಕು. ಐದಾದರೆ ಕಣ್ಣಿಡಬೇಕು, ಆರಾದರೆ ಬೀಗ. ಅದೂ ವರ್ಷದ ಅತಿ ಕೆಟ್ಟ ಮೂರು ತಿಂಗಳು ಹಿಡಿದು ಲೆಕ್ಕ ಹಾಕಬೇಕು. ನಾನೂ ಮೊದಲು ಡಿಸೆಂಬರ್, ಜನವರಿಯ ಗಲ್ಲಾ ನೋಡಿಯೇ ಹೊಸ ಬ್ರಾಂಚ್ ಹಾಕುತ್ತಿದ್ದೆ.

ಈಗ ಮುಖ್ಯ ವಿಷಯ. ಬೀಗ ಹಾಕೋದು ಅಷ್ಟು ಸುಲಭವಲ್ಲ. ಆ ದೊಡ್ಡ ಅಡುಗೆಮನೆಗೆ ಹದಿನಾಲ್ಕು ಜನ, ಟೆಂಪೋ, ಬಾಡಿಗೆ, ಜನರೇಟರ್ ಎಲ್ಲ ಸೇರಿ ತಿಂಗಳಿಗೆ ಮೂರು ಲಕ್ಷ ಇಪ್ಪತ್ತು ಸಾವಿರ. ಆರು ಅಂಗಡಿ ಹಂಚಿಕೊಂಡರೆ ಒಂದಕ್ಕೆ 53 ಸಾವಿರ. ಎರಡು ಮುಚ್ಚಿದರೆ ಉಳಿದ ನಾಲ್ಕರ ಮೇಲೆ 80 ಸಾವಿರ. ಇನ್ನೆರಡು ಹೋದರೆ ಒಂದೊಂದಕ್ಕೆ ಒಂದು ಲಕ್ಷ ಅರವತ್ತು ಸಾವಿರ. ನಷ್ಟದ ಅಂಗಡಿ ಮುಚ್ಚಿದ ತಕ್ಷಣ ಚೆನ್ನಾಗಿದ್ದ ಅಂಗಡಿ ನಷ್ಟಕ್ಕೆ ಬೀಳುತ್ತದೆ. ಚೈನ್ ಹೋಟೆಲುಗಳು ಒಂದರ ಹಿಂದೆ ಒಂದು ಉರುಳೋದು ಹೀಗೇ. ಹೊರಗಿನವರು ರುಚಿ ಕೆಟ್ಟಿತು, ಮಕ್ಕಳು ನೋಡಿಕೊಳ್ಳಲಿಲ್ಲ ಅಂತೆಲ್ಲ ಮಾತಾಡುತ್ತಾರೆ. ಬಹಳ ಸಲ ಬರೀ ಭಾಗಾಕಾರ, ಅಷ್ಟೇ.

ಅದಕ್ಕೇ ಮೊದಲು ಅಡುಗೆಮನೆ ಮುಚ್ಚಬೇಕು, ಆಮೇಲೆ ಅಂಗಡಿ. ಇದನ್ನು ಹೇಳಿದಾಗ ಭಾವ ಕುಂದಾಪುರದಿಂದಲೇ ಫೋನಿನಲ್ಲಿ ಕೂಗಾಡಿದರು. ನನ್ನ ಪಾಲುದಾರರೂ ಅವರೇ.

"ಎಂತ ಮಾರಾಯಾ ನಿಂದು? ಎಲ್ಲರೂ ಸೆಂಟ್ರಲ್ ಕಿಚನ್ ಮಾಡ್ತಿದ್ದಾರೆ, ನೀನು ಇದ್ದದ್ದನ್ನು ಒಡೀತಿದ್ದೀಯಾ?"

"ಭಾವ, ಮೂರು ತಿಂಗಳು ಕೊಡಿ."

"ಓಡುವ ಅಂಗಡಿಗೂ ಬೀಗ ಹಾಕ್ತೀಯಂತಲ್ಲ. ಊರಲ್ಲಿ ಎಂತ ಹೇಳುವುದು ನಾನು?"

ನಮ್ಮ ಆಡಿಟರ್ ಏನೂ ಹೇಳಲಿಲ್ಲ. ಪೆನ್ನಿನ ಕ್ಯಾಪ್ ಹಾಕಿಟ್ಟರು. ಅದು ಇನ್ನೂ ಬೇಜಾರು.

ಆ ಮೂರು ತಿಂಗಳು ಭಾವನೇ ಸರಿ ಅನ್ನಿಸಿತ್ತು. ಪ್ರತಿ ಅಂಗಡಿಗೂ ಗ್ರೈಂಡರ್ ಇಟ್ಟು ಅಲ್ಲಲ್ಲೇ ಅಡುಗೆ ಶುರು ಮಾಡಿದೆವು. ನಾಗರಬಾವಿಯಲ್ಲಿ ಬೋರ್‌ವೆಲ್ ನೀರು. ಗಡಸು ನೀರಿನಲ್ಲಿ ಬೇಳೆ ಬೇಯಲೇ ಇಲ್ಲ, ಸಾಂಬಾರಿನಲ್ಲಿ ಕಾಳು ಕಾಳಾಗಿ ತೇಲುತ್ತಿತ್ತು. ಸೋಡಾ ಹಾಕಿದ ಭಟ್ಟರಿಗೆ ನಾನೇ ಬೈದೆ, ಅವರು ಮರುದಿನ ಕೆಲಸ ಬಿಟ್ಟರು. ಜಯನಗರದ ದೋಸೆ ಕೆಂಪಗೆ, ರಾಜಾಜಿನಗರದ್ದು ಬೆಳ್ಳಗೆ. ನಿತ್ಯ ಬರುವ ಹಿರಿಯರೊಬ್ಬರು "ಓನರ್ ಬದಲಾದ್ರಾ?" ಅಂತ ಕ್ಯಾಷಿಯರ್‌ನನ್ನು ಕೇಳಿದರು. ನಾನು ಪಕ್ಕದಲ್ಲೇ ನಿಂತಿದ್ದೆ. ಒಟ್ಟು ನಾಲ್ಕೂವರೆ ಲಕ್ಷ ಕೈಬಿಟ್ಟಿತು.

ದಾರಿ ಸಿಕ್ಕಿದ್ದು ಬೇಳೆಯಿಂದಲೇ. ನೆನೆಸಲು ಮತ್ತು ಬೇಯಿಸಲು ಮಾತ್ರ ಕಾವೇರಿ ನೀರನ್ನು ಕ್ಯಾನಿನಲ್ಲಿ ತರಿಸಿದೆ, ಉಳಿದದ್ದಕ್ಕೆ ಬೋರ್ ನೀರು. ಸಾಂಬಾರು ಪುಡಿಯನ್ನು ಮನೆಯಲ್ಲೇ ಮಾಡಿಸಿ, ಒಂದು ಕೊಳಗಕ್ಕೆ ಒಂದು ಪೊಟ್ಟಣ ಅಂತ ಕಟ್ಟಿ ಕಳಿಸಿದೆ. ಆರೂ ಕಡೆ ಒಂದೇ ಆಗಬೇಕಾದದ್ದು ಪುಡಿ ಮತ್ತು ಡಿಕಾಕ್ಷನ್, ಅಷ್ಟೇ. ಹಿಟ್ಟು ಅಲ್ಲಲ್ಲಿಯ ಹವೆಗೆ ತಕ್ಕ ಹಾಗೆ ಇರಲಿ. ಪುಡಿಯ ಅಳತೆ ಗೊತ್ತಿರೋದು ಮೂರೇ ಜನಕ್ಕೆ, ನಾಲ್ಕನೆಯವರು ಇದನ್ನು ಓದುತ್ತಿರುವ ನೀವಾಗೋದಿಲ್ಲ. ಕ್ಷಮಿಸಿ.

ಅಡುಗೆಮನೆ ಖಾಲಿಯಾಗಿದ್ದು 2018ರ ಆಗಸ್ಟಿಗೆ. ಡಿಸೆಂಬರಿಗೆ ರಿಂಗ್ ರೋಡ್ ಅಂಗಡಿಯ ಲಾಕ್-ಇನ್, ಅಂದರೆ ಕರಾರಿನ ಪ್ರಕಾರ ಬಿಡುವಂತಿಲ್ಲದ ಅವಧಿ, ಮುಗಿಯಿತು. ಅವತ್ತೇ ನೋಟಿಸ್ ಕೊಟ್ಟೆ. ಆಗ ಎಲ್ಲ ಬಾಡಿಗೆ ಚುಕ್ತಾ ಇತ್ತು, ಅದೇ ಗುಟ್ಟು. ನಮ್ಮಲ್ಲಿ ಹತ್ತು ತಿಂಗಳ ಅಡ್ವಾನ್ಸ್ ಕೊಟ್ಟಿರುತ್ತೇವೆ, ಅಲ್ವಾ? ನನ್ನದು 36 ಲಕ್ಷ. ಹೆಚ್ಚಿನವರು "ಮುಂದಿನ ತಿಂಗಳು ಸರಿಹೋಗುತ್ತೆ" ಅಂತ ಕಾಯುತ್ತಾರೆ. ಬಾಡಿಗೆ ಬಾಕಿ ಬೀಳುತ್ತದೆ, ಓನರ್ ಅಡ್ವಾನ್ಸಿನಲ್ಲಿ ಮುರಿದುಕೊಳ್ಳುತ್ತಾ ಹೋಗುತ್ತಾರೆ, ಕೊನೆಗೆ ಹೋಟೆಲಿನವರು ಬರಿಗೈಯಲ್ಲಿ ಹೊರಗೆ ಬರುತ್ತಾರೆ. ನನಗೂ ಬಣ್ಣ, ರಿಪೇರಿ ಅಂತ ಮೂರೂವರೆ ಲಕ್ಷ ಹಿಡಿದುಕೊಂಡರು. ಜಗಳ ಮಾಡಲಿಲ್ಲ. ಬಂದ ಮೂವತ್ತೆರಡೂವರೆ ಲಕ್ಷ ನೇರ ಬ್ಯಾಂಕಿಗೆ ಹೋಯಿತು. ತಿಂಗಳ ಕಂತು ಅರ್ಧಕ್ಕಿಂತ ಕೆಳಗಿಳಿಯಿತು.

2019ರ ಮಧ್ಯದಲ್ಲಿ ಕೋರಮಂಗಲದ್ದು ಮುಚ್ಚಿದೆ. ಅಲ್ಲಿ ಪಾರ್ಸೆಲ್ ಆರ್ಡರ್ ಜಾಸ್ತಿ, ಆ್ಯಪಿನವರ ಕಮಿಷನ್ ಕಳೆದರೆ ದೋಸೆಗೆ ಉಳಿಯೋದು ಚಟ್ನಿ. ಹೋಟೆಲಿನವರ ಕೂಟದಲ್ಲಿ ಒಬ್ಬರು ನನ್ನ ಹೆಗಲ ಮೇಲೆ ಕೈಯಿಟ್ಟು "ಏನಾದರೂ ಕಷ್ಟ ಇದ್ದರೆ ಹೇಳಿ" ಅಂದರು. ಅವರಿಗೆ ಆಗ ಒಂಬತ್ತು ಬ್ರಾಂಚ್. ಈಗ ಎಷ್ಟು ಅಂತ ನಾನು ಬರೆಯೋದಿಲ್ಲ.

2020ರ ಮಾರ್ಚ್ 25ಕ್ಕೆ ಲಾಕ್‌ಡೌನ್. ನನ್ನ ಬಳಿ ನಾಲ್ಕು ಅಂಗಡಿ, ಸಣ್ಣ ಸಾಲ, ಬೇಕಾದರೆ ಒಂದನ್ನೇ ತೆರೆಯಬಹುದಾದ ಅಡುಗೆಮನೆಗಳು. ಹುಡುಗರು ಒಡಿಶಾ, ಅಸ್ಸಾಂ, ಕಲಬುರಗಿ ಕಡೆಯವರು. ಮೇ ತಿಂಗಳಲ್ಲಿ ರೈಲು ಬಿಡ್ತಾರೆ ಅಂದರು, ನಮ್ಮ ಸರ್ಕಾರ ರದ್ದು ಮಾಡಿತು, ಗಲಾಟೆಯಾದ ಮೇಲೆ ಮತ್ತೆ ಬಿಟ್ಟರು. ಆ ಮೂರು ದಿನ ಅವರಿಗೆ ಅನ್ನ ಹಾಕಿದ್ದು ಬಸವೇಶ್ವರನಗರದ ಅದೇ ಚಿಕ್ಕ ಒಲೆ. ಜೂನ್ 8ಕ್ಕೆ ಕೂತು ತಿನ್ನಲು ಬಿಟ್ಟಾಗ ಆರು ಜನ ಇಟ್ಟುಕೊಂಡು ಅಲ್ಲೇ ಶುರು ಮಾಡಿದೆ. ದೊಡ್ಡ ಅಡುಗೆಮನೆ ಇದ್ದವರಿಗೆ ಅದು ಆಗಲಿಲ್ಲ. ಒಂದು ಅಂಗಡಿಗೋಸ್ಕರ ಇಡೀ ಬಾಯ್ಲರ್ ಹಚ್ಚಬೇಕಿತ್ತು. ಕಾಲೇಜು ತೆರೆಯೋದಿಲ್ಲ ಅಂತ ಖಾತ್ರಿಯಾದಾಗ ನಾಗರಬಾವಿ ಬಿಟ್ಟೆ. ಮುಂದಿನ ವರ್ಷ ಎರಡನೇ ಅಲೆಯಲ್ಲಿ ಜಯನಗರ. ಅದು ನನ್ನ ಮೊದಲ ಅಂಗಡಿ. ಬೋರ್ಡ್ ಇಳಿಸುವಾಗ ನಾನು ಹೋಗಲಿಲ್ಲ, ಹುಡುಗರನ್ನು ಕಳಿಸಿದೆ.

ಅಪ್ಪ ಇದ್ದಿದ್ದರೆ ಬೈಯುತ್ತಿರಲಿಲ್ಲ ಅನ್ನಿಸುತ್ತದೆ. 1975ರ ತುರ್ತು ಪರಿಸ್ಥಿತಿಯಲ್ಲಿ ಅವರು ಚಿಕ್ಕಪೇಟೆಯಲ್ಲಿ ಸಪ್ಲೈಯರ್. ಸರ್ಕಾರ ತಿಂಡಿಯ ಬೆಲೆ ಇಷ್ಟೇ ಇರಬೇಕು ಅಂತ ಕಟ್ಟುಮಾಡಿದಾಗ, ಆ ಬೆಲೆಗೆ ಆ ಗುಣಮಟ್ಟ ಕೊಡಲಾಗದೆ ಎಂಟಿಆರ್ ಹೋಟೆಲನ್ನೇ ನಿಲ್ಲಿಸಿ ರವೆ ಇಡ್ಲಿ ಮಿಕ್ಸ್ ಥರದ ಸಿದ್ಧ ಪುಡಿಗಳ ಕಡೆ ತಿರುಗಿದ್ದನ್ನು ಅವರು ಕಥೆಯಂತೆ ಹೇಳುತ್ತಿದ್ದರು. ರವೆ ಇಡ್ಲಿಯೂ ಅಂಥದ್ದೇ, ಎರಡನೇ ಮಹಾಯುದ್ಧದಲ್ಲಿ ಅಕ್ಕಿ ಸಿಗದಾಗ ಎಂಟಿಆರ್‌ನವರೇ ಮಾಡಿದ್ದು. ಎಂಟಿಆರ್ ಕಟ್ಟಿದ ಮಯ್ಯರು ನಮ್ಮ ಕೋಟದ ಪಕ್ಕದ ಪಾರಂಪಳ್ಳಿಯವರು. ಹಾಗಾಗಿ ಅಪ್ಪನಿಗೆ ಸ್ವಲ್ಪ ಜಾಸ್ತಿಯೇ ಅಭಿಮಾನ. ಇನ್ನೊಂದು ಕಡೆ ಕಾಫಿ ಡೇ ನೋಡಿ. 2019ರಲ್ಲಿ ಸಾವಿರದ ಏಳುನೂರರ ಮೇಲಿದ್ದ ಕಾಫಿ ಅಂಗಡಿಗಳು ಎರಡೇ ವರ್ಷದಲ್ಲಿ ಆರುನೂರರೊಳಗೆ ಬಂದವು. ಅಲ್ಲೂ ಸಾಲದ್ದೇ ದೊಡ್ಡ ಪಾಲು.

ನಡುವೆ ಬೇರೆ ಕಸರತ್ತೂ ಮಾಡಿದೆ. 2022ರಲ್ಲಿ ಉಕ್ರೇನ್ ಯುದ್ಧ ಶುರುವಾಗಿ ಸೂರ್ಯಕಾಂತಿ ಎಣ್ಣೆ ಏರಿತು. ಏಪ್ರಿಲ್ ಕೊನೆಗೆ ಇಂಡೊನೇಷ್ಯಾ ತಾಳೆ ಎಣ್ಣೆ ರಫ್ತು ನಿಲ್ಲಿಸಿತು. ಸಿಲಿಂಡರ್ ಎರಡು ಸಾವಿರ ದಾಟಿತು. ವಡೆ ಬಿಟ್ಟು ಪಡ್ಡು ಮಾಡೋಣ ಅಂತ ಹೊರಟೆ. ಎಣ್ಣೆ ಉಳಿಯಿತು, ನಿಜ. ಆದರೆ ಪಡ್ಡಿನ ಕಾವಲಿ ಮುಂದೆ ಒಬ್ಬ ಕಡ್ಡಿ ಹಿಡಿದು ಇಡೀ ಬೆಳಿಗ್ಗೆ ನಿಲ್ಲಬೇಕು. ಅವನ ಸಂಬಳಕ್ಕೆ ಎಣ್ಣೆಯ ಉಳಿತಾಯ ಸಾಲಲಿಲ್ಲ. ಇಡ್ಲಿ ಜೊತೆ ವಡೆ ಇಲ್ಲ ಅಂದರೆ ಜನ ಇಡ್ಲಿಯನ್ನೂ ಬಿಟ್ಟು ಹೋಗುತ್ತಾರೆ ಅಂತಲೂ ಗೊತ್ತಾಯಿತು. ಏಳು ವಾರಕ್ಕೆ ಪಡ್ಡು ಬಂದ್. ಒಮ್ಮೆ ಕಾಫಿ ಪುಡಿಗೆ ಚಿಕೋರಿ ಸ್ವಲ್ಪ ಏರಿಸಿದೆ. ಮೂರನೇ ದಿನಕ್ಕೆ ಸಿಕ್ಕಿಬಿದ್ದೆ, ವಾಪಸ್ ಇಳಿಸಿದೆ. 2025ರ ಏಪ್ರಿಲ್ 1ಕ್ಕೆ ನಂದಿನಿ ಹಾಲು ಲೀಟರಿಗೆ ನಾಲ್ಕು ರೂಪಾಯಿ ಏರಿದಾಗ ಮತ್ತೆ ಆ ಬುದ್ಧಿ ಮಾಡಲಿಲ್ಲ. ಕಾಫಿಗೆ ಎರಡು ರೂಪಾಯಿ ಏರಿಸಿ ಸುಮ್ನೆ ಕೂತೆ. ಅದೇ ಜುಲೈನಲ್ಲಿ ಯುಪಿಐ ಲೆಕ್ಕ ಹಿಡಿದು ಸಣ್ಣ ವ್ಯಾಪಾರಿಗಳಿಗೆ ತೆರಿಗೆ ನೋಟಿಸ್ ಬಂತಲ್ಲ, ಎದುರಿನ ಬೇಕರಿಯವರು ಕ್ಯೂಆರ್ ಕಿತ್ತು "ಕ್ಯಾಶ್ ಮಾತ್ರ" ಅಂತ ಅಂಟಿಸಿದರು. ಆ ಎರಡು ವಾರ ಅವರ ಗಿರಾಕಿ ಕಾಫಿಗೆ ನಮ್ಮಲ್ಲಿ.

ಹೊಸ ಎರಡು ಅಂಗಡಿ 2023ರಲ್ಲಿ ಕೆಂಗೇರಿ, 2024ರಲ್ಲಿ ವಿಜಯನಗರ. ಮುನ್ನೂರು ಚದರಡಿ, ನಿಂತು ತಿನ್ನೋದು, ಎಂಟು ಜನ. ಗಲ್ಲಾದ ಶೇ 9 ಅಥವಾ ನಲವತ್ತೈದು ಸಾವಿರ, ಯಾವುದು ಜಾಸ್ತಿಯೋ ಅದು ಬಾಡಿಗೆ. ಸರ್ಕಾರ ಬಾಗಿಲು ಹಾಕಿಸಿದ ದಿನಕ್ಕೆ ಕನಿಷ್ಠ ಬಾಡಿಗೆ ಇಲ್ಲ ಅಂತ ಒಂದು ಸಾಲು ಇದೆ. ಆ ಸಾಲಿಗೆ ಓನರ್ ಒಪ್ಪಬೇಕಾದರೆ ಮೊದಲು ಇನ್ನೊಂದು ಮಾತು ಹೇಳಬೇಕು, ಅದನ್ನು ನಾನು ಇಟ್ಟುಕೊಳ್ಳುತ್ತೇನೆ. 2023ರ ಸೆಪ್ಟೆಂಬರಿನಲ್ಲಿ ಕಾವೇರಿಗಾಗಿ 26ಕ್ಕೆ ಬೆಂಗಳೂರು ಬಂದ್, 29ಕ್ಕೆ ಕರ್ನಾಟಕ ಬಂದ್. ಎರಡು ದಿನ ಬಾಗಿಲು ಹಾಕಿದೆವು, ಸಂಜೆ ಆರಕ್ಕೆ ತೆರೆದೆವು. ಹಿಟ್ಟು ಅಷ್ಟಕ್ಕೇ ರುಬ್ಬಿಸಿದ್ದೆ, ಒಂದು ಸೌಟು ಹಾಳಾಗಲಿಲ್ಲ. ಪ್ರತಿ ಅಂಗಡಿಯ ಗಲ್ಲಾದಲ್ಲಿ ಕೂರುವವನಿಗೆ ಈಗ ಲಾಭದಲ್ಲಿ ಪಾಲಿದೆ. ಯಾರಿಗೆ ಸಾಲ ಕೊಡಬೇಕು ಅಂತ ಅವನೇ ನೋಡಿಕೊಳ್ಳುತ್ತಾನೆ. ಭಾವ ಕಳೆದ ದೀಪಾವಳಿಗೆ ಬಂದಾಗ ಲೆಕ್ಕದ ಪುಸ್ತಕ ತೆಗೆದು ನೋಡಿ, "ಕಾಫಿ ತರಿಸು" ಅಂದರು. ಅವರಿಂದ ಅಷ್ಟು ಬಂದರೆ ಸನ್ಮಾನ.

ಹೋದ ವಾರ ರಿಂಗ್ ರೋಡಿನ ಆ ಓನರ್ ಫೋನ್ ಮಾಡಿದ್ದರು. ನಾನು ಬಿಟ್ಟ ಮೇಲೆ ಅಲ್ಲಿ ಮೂರು ಕಂಪನಿಯ ಬೋರ್ಡ್ ಬದಲಾಗಿದೆಯಂತೆ. ಈಗ ಎರಡು ಲಕ್ಷಕ್ಕೆ ಕೊಡುತ್ತಾರಂತೆ. ಹೋಗಿ ನೋಡಿದೆ. ನಮ್ಮ ದೋಸೆ ಕಾವಲಿ ಇದ್ದ ಗೋಡೆಯಲ್ಲಿ ಎಣ್ಣೆಯ ಗುರುತು ಬಣ್ಣದ ಕೆಳಗಿನಿಂದ ಇನ್ನೂ ಕಾಣುತ್ತದೆ. ಶೇಕಡಾ ಲೆಕ್ಕದಲ್ಲಿ ಕೊಡ್ತೀರಾ ಅಂತ ಕೇಳಿದೆ. ಮಗನನ್ನು ಕೇಳಿ ಹೇಳ್ತೇನೆ ಅಂದರು. ಸೋಮವಾರ ಬೆಳಿಗ್ಗೆ ಏಳಕ್ಕೆ ಹೋಗಿ ಎದುರಿನ ಬಸ್ ಸ್ಟಾಪಿನಲ್ಲಿ ನಿಂತು ಜನ ಎಣಿಸಬೇಕು. ಶನಿವಾರವೂ ಒಮ್ಮೆ.