ಬೆಲ್ಟ್ ಟೆಸ್ಟ್ ಬೇರೆ, ಟೂರ್ನಮೆಂಟ್ ಬೇರೆ: ಕರಾವಳಿಯ ಟೇಕ್ವಾಂಡೊ ಮಕ್ಕಳಿಗೂ ಮನೆಯವರಿಗೂ

ಮಂಗಳೂರು, ಉಡುಪಿ ಕಡೆ ಬಿಳಿ ಬಟ್ಟೆ ಹಾಕಿಕೊಂಡು ಒದೆಯುವುದೆಲ್ಲ ಜನರ ಬಾಯಲ್ಲಿ ‘ಕರಾಟೆ ಕ್ಲಾಸ್’. ಹಾಗೆ ಕರೆದರೆ ನಷ್ಟವೇನಿಲ್ಲ, ಆದರೆ ಮಗುವನ್ನು ಸೇರಿಸುವ ಮೊದಲು ಅಲ್ಲಿ ಕಲಿಸುವುದು ಯಾವುದು ಎಂದು ಕೇಳಿಕೊಳ್ಳಿ. ಟೇಕ್ವಾಂಡೊದಲ್ಲೇ ಎರಡು ದಾರಿಗಳಿವೆ. ಒಂದು, ಸಿಯೋಲ್‌ನ ಟೇಕ್ವಾಂಡೊ ಕೇಂದ್ರ ಕುಕ್ಕಿವೊನ್‌ನ ಕಲಿಕೆಯನ್ನೂ ವರ್ಲ್ಡ್ ಟೇಕ್ವಾಂಡೊ ಸಂಸ್ಥೆಯ ಸ್ಪರ್ಧಾ ನಿಯಮವನ್ನೂ ಅನುಸರಿಸುವಂಥದ್ದು. 2000ದ ಸಿಡ್ನಿಯಿಂದ ಒಲಿಂಪಿಕ್ಸ್‌ನಲ್ಲಿ ಪದಕಕ್ಕೆ ಆಡುತ್ತಿರುವುದು ಇದನ್ನೇ. ಇನ್ನೊಂದು ಐಟಿಎಫ್, ಅಂದರೆ ಇಂಟರ್‌ನ್ಯಾಷನಲ್ ಟೇಕ್ವಾಂಡೊ ಫೆಡರೇಶನ್‌ನದು. ಹೊಸ ಮಕ್ಕಳಿಗೆ ಮೊದಲ ಚಲನೆಗಳ ಸರಣಿಯಾಗಿ ‘ತೆಗುಕ್ ಇಲ್ ಜಾಂಗ್’ ಹೇಳಿಕೊಡುತ್ತಿದ್ದರೆ ಅದು ಮೊದಲನೆಯದು, ‘ಚೊನ್‌ಜಿ’ ಹೇಳಿಕೊಡುತ್ತಿದ್ದರೆ ಎರಡನೆಯದು. ಎರಡರ ಸ್ಪರ್ಧಾ ನಿಯಮವೂ ಬೇರೆ, ಸರ್ಟಿಫಿಕೇಟೂ ಬೇರೆ. ಇಲ್ಲಿ ಬರೆದಿರುವುದೆಲ್ಲ ಮೊದಲನೆಯದಕ್ಕೆ ಸಂಬಂಧಿಸಿದ್ದು.

ಟೆಸ್ಟ್‌ಗೂ ಟೂರ್ನಮೆಂಟ್‌ಗೂ ತಯಾರಿ ಒಂದೇ ಎಂದುಕೊಂಡವರು ಎರಡರಲ್ಲಿ ಒಂದು ಕಡೆ ಎಡವುತ್ತಾರೆ. ಟೆಸ್ಟ್‌ನಲ್ಲಿ ಪರೀಕ್ಷಕರು ನೋಡುವುದು ದೇಹ ಹಿಡಿತದಲ್ಲಿದೆಯೇ ಎಂದು. ಟೂರ್ನಮೆಂಟ್‌ನಲ್ಲಿ ಕವಚದ ಸೆನ್ಸರ್‌ಗೆ ತಾಗಿದ್ದು, ಮೂಲೆಯ ಜಡ್ಜ್‌ಗಳ ಕಣ್ಣಿಗೆ ಬಿದ್ದದ್ದು ಮಾತ್ರ ಲೆಕ್ಕಕ್ಕೆ ಬರುತ್ತದೆ.

ಬೆಲ್ಟ್ ಟೆಸ್ಟ್

ಕಪ್ಪು ಬೆಲ್ಟ್‌ಗಿಂತ ಕೆಳಗಿನ ದರ್ಜೆಗಳಿಗೆ ‘ಗುಪ್’ ಎನ್ನುತ್ತಾರೆ. ಬಿಳಿ ಬೆಲ್ಟ್ 10ನೇ ಗುಪ್. ಅಲ್ಲಿಂದ ಇಳಿಯೆಣಿಕೆಯಲ್ಲಿ 1ನೇ ಗುಪ್‌ವರೆಗೆ ಬಂದು, ಆಮೇಲೆ ಕಪ್ಪು ಬೆಲ್ಟ್‌ನ 1ನೇ ದಾನ್. ಬಿಳಿ, ಹಳದಿ, ಹಸಿರು, ನೀಲಿ, ಕೆಂಪು ಎಂಬುದು ಸಾಮಾನ್ಯ ಕ್ರಮ. ನಡುವೆ ಪಟ್ಟಿ ಬೆಲ್ಟ್ ಕೊಡುವುದು ಬಿಡುವುದು ಆಯಾ ಕ್ಲಾಸಿನ ಪದ್ಧತಿ. ಮೂರು ನಾಲ್ಕು ತಿಂಗಳಿಗೊಮ್ಮೆ ಟೆಸ್ಟ್ ಇಡುವವರೇ ಹೆಚ್ಚು. ಎರಡು ಬೆಲ್ಟ್ ಒಟ್ಟಿಗೆ ಕೊಡಿಸುತ್ತೇವೆ ಎಂದು ಯಾರಾದರೂ ಹೇಳಿದರೆ ‘ಬೇಡ ಮಾರಾಯ್ರೆ’ ಎನ್ನಿ. ಮೇಲಿನ ಬೆಲ್ಟ್ ಕಟ್ಟಿಕೊಂಡ ಮಗು ಟೂರ್ನಮೆಂಟ್‌ನಲ್ಲಿ ಅದೇ ಬೆಲ್ಟ್‌ನ ನುರಿತವರ ಎದುರು ನಿಲ್ಲಬೇಕಾಗುತ್ತದೆ.

ಪರೀಕ್ಷಕರ ಕೊರಿಯನ್ ಅಪ್ಪಣೆಗಳಿಗೆ ಕಿವಿ ಮೊದಲೇ ಒಗ್ಗಿರಬೇಕು. ‘ಚಾರ್ಯೊತ್’ ಅಂದಾಗ ನೆಟ್ಟಗೆ ನಿಲ್ಲಬೇಕು, ‘ಕ್ಯೊಂಗ್ನ್ಯೆ’ ಅಂದಾಗ ಬಗ್ಗಿ ನಮಸ್ಕರಿಸಬೇಕು. ‘ಜುನ್ಬಿ’ ಸಿದ್ಧರಾಗಲು, ‘ಶಿಜಾಕ್’ ಶುರು ಮಾಡಲು, ‘ಕುಮಾನ್’ ನಿಲ್ಲಿಸಲು, ‘ಬಾರೊ’ ಮೊದಲಿನ ಜಾಗಕ್ಕೆ ಮರಳಲು. ಹಾನಾ, ದುಲ್, ಸೆತ್, ನೆತ್, ದಾಸೊತ್ ಎಂದು ಹತ್ತರವರೆಗಿನ ಎಣಿಕೆಯನ್ನು ಮನೆಯಲ್ಲಿ ಮೆಟ್ಟಿಲು ಹತ್ತುವಾಗ ಹೇಳಿಸಿದರೂ ಸಾಕು, ವಾರದೊಳಗೆ ನಾಲಿಗೆಗೆ ಹತ್ತುತ್ತದೆ.

ಹಳದಿ ಬೆಲ್ಟ್‌ನ ಆಸುಪಾಸಿನಲ್ಲಿ ಹೆಚ್ಚು ಅಂಕ ಹೋಗುವುದು ತೆಗುಕ್ ಇಲ್ ಜಾಂಗ್‌ನಲ್ಲಿ. ಇದು 18 ಚಲನೆಗಳ ಪೂಮ್ಸೆ, ಅಂದರೆ ಗೊತ್ತುಪಡಿಸಿದ ಕ್ರಮದಲ್ಲಿ ಮಾಡಿ ತೋರಿಸುವ ಚಲನೆಗಳ ಸರಣಿ. ಮಕ್ಕಳು ಚಲನೆ ಮರೆಯುವುದು ಅಪರೂಪ. ತಪ್ಪುವುದು ನಿಲುವು. ಇದರಲ್ಲಿ ಎರಡೇ ನಿಲುವುಗಳಿವೆ. ‘ಆಪ್ ಸೊಗಿ’ ಗಿಡ್ಡ ನಿಲುವು, ನಡೆಯುವಾಗ ಥಟ್ಟನೆ ನಿಂತರೆ ಎಷ್ಟು ಅಂತರವೋ ಅಷ್ಟು, ಅಂದಾಜು ಮೂರು ಪಾದದುದ್ದ. ‘ಆಪ್ ಕುಬಿ’ ಉದ್ದ ನಿಲುವು, ನಾಲ್ಕರಿಂದ ನಾಲ್ಕೂವರೆ ಪಾದದುದ್ದ. ಮುಂದಿನ ಮೊಣಕಾಲು ಬಗ್ಗಿ ಹಿಂದಿನ ಕಾಲು ನೇರವಾಗಿ, ಹಿಂಪಾದ ಸುಮಾರು 30 ಡಿಗ್ರಿ ಹೊರಕ್ಕೆ, ಎರಡು ಪಾದಗಳ ನಡುವೆ ಅಡ್ಡಕ್ಕೆ ಒಂದು ಮುಷ್ಟಿಯಷ್ಟು ಜಾಗ ಇರಬೇಕು. ಅಡ್ಡಕ್ಕೆ ಜಾಗ ಬಿಡದೆ ಎರಡೂ ಪಾದ ಒಂದೇ ಗೆರೆಯಲ್ಲಿಟ್ಟರೆ ತಿರುಗುವಾಗ ದೇಹ ವಾಲುತ್ತದೆ. ಮನೆಯ ಟೈಲ್ಸ್ ನೆಲದ ಗೆರೆಗಳ ಮೇಲೆ ನಿಲ್ಲಿಸಿ ಪಾದದಿಂದ ಪಾದಕ್ಕೆ ಅಳೆಯಿಸಿ.

ಉದ್ದ ನಿಲುವು ಬರುವುದು 5-6, 11-12, 17-18ನೇ ಚಲನೆಗಳಲ್ಲಿ ಮಾತ್ರ, ಅಂದರೆ ನಡುಗೆರೆಯ ಮೇಲೆ ಮುಂದಕ್ಕೋ ಹಿಂದಕ್ಕೋ ಹೋಗುವಾಗ. ಎಡಬಲಕ್ಕೆ ಹೋಗುವ ಗೆರೆಗಳಲ್ಲೆಲ್ಲ ಗಿಡ್ಡ ನಿಲುವು. ಈ ಒಂದು ಸೂತ್ರ ತಲೆಯಲ್ಲಿದ್ದರೆ ಅರ್ಧ ಗೊಂದಲ ಕಳೆಯಿತು. ಮಕ್ಕಳು ತಡವರಿಸುವುದು ಇನ್ನೊಂದು ಜಾಗದಲ್ಲಿ, 14 ಮತ್ತು 16ರಲ್ಲಿ. ‘ಆಪ್ ಚಾಗಿ’ ಒದೆತ ಮುಗಿದ ಮೇಲೆ ಕಾಲನ್ನು ಹಿಂದಕ್ಕೆ ಮಡಚದೆ ಧೊಪ್ಪನೆ ಮುಂದಕ್ಕೆ ಇಳಿಸುತ್ತಾರೆ. ಹಾಗಾದಾಗ ಗಿಡ್ಡ ನಿಲುವು ತಾನಾಗಿ ಉದ್ದವಾಗಿಬಿಡುತ್ತದೆ. ಕೊನೆಗೆ ಹೊರಟ ಜಾಗಕ್ಕೆ ಬಂದು ಮುಟ್ಟುವುದೂ ತಪ್ಪುತ್ತದೆ. ಪರಿಹಾರ ನಿಧಾನಗತಿಯಲ್ಲಿದೆ: ಮೊಣಕಾಲು ಎತ್ತು, ಬಿಚ್ಚು, ಮಡಚು, ಇಳಿಸು ಎಂದು ನಾಲ್ಕು ಎಣಿಕೆಯಲ್ಲಿ, ಗೋಡೆಗೆ ಒಂದು ಕೈ ಕೊಟ್ಟು, ಒಂದೊಂದು ಕಾಲಿಗೆ ಹತ್ತು ಸಲ. ‘ಆರೆ ಮಾಕ್ಕಿ’, ಅಂದರೆ ಕೆಳಗಿನ ತಡೆ, ಎದುರು ಭುಜದ ಬಳಿಯಿಂದ ಇಳಿದು ಬರಬೇಕು, ಸೊಂಟದ ಬಳಿಯಿಂದ ಹೊರಟರೆ ಅರ್ಧ ತಡೆ ಮಾತ್ರ. ಕಿಹಾಪ್ ಕೂಗು ಇರುವುದು 18ನೆಯದರಲ್ಲಿ. ನಾಚಿಕೆಗೆ ಅದನ್ನು ನುಂಗಿಕೊಂಡರೆ ಪೂಮ್ಸೆ ಮುಗಿದದ್ದೇ ಪರೀಕ್ಷಕರಿಗೆ ಗೊತ್ತಾಗುವುದಿಲ್ಲ.

ಬೆಲ್ಟ್ ಕಟ್ಟುವುದನ್ನು ಅಮ್ಮನೇ ಮಾಡಿಕೊಟ್ಟರೆ ಟೆಸ್ಟ್ ಹಾಲ್‌ನಲ್ಲಿ ಬಿಚ್ಚಿಹೋದಾಗ ಮಗು ಪೇಚಿಗೆ ಸಿಗುತ್ತದೆ. ಬೆಲ್ಟ್‌ನ ನಡುಭಾಗವನ್ನು ಹೊಕ್ಕುಳ ಮೇಲಿಟ್ಟು ಎರಡೂ ತುದಿ ಬೆನ್ನಿಗೆ ಒಯ್ದು, ಅಲ್ಲಿ ಒಂದರ ಮೇಲೊಂದು ದಾಟಿಸಿ ಮುಂದಕ್ಕೆ ತನ್ನಿ. ಮೇಲೆ ಬಂದ ತುದಿಯನ್ನು ಎರಡೂ ಸುತ್ತಿನ ಅಡಿಯಿಂದ ಮೇಲಕ್ಕೆ ತೂರಿಸಿ ಎಳೆಯಿರಿ, ತುದಿಗಳು ಸರಿಸಮ ಇದೆಯೇ ನೋಡಿ ಗಂಟು ಹಾಕಿ. ಒಂದೇ ಸುತ್ತು ಸೇರಿಸಿ ತೂರಿಸಿದರೆ ಐದು ನಿಮಿಷದಲ್ಲಿ ಸಡಿಲ. ಹಾಲ್‌ನಲ್ಲಿ ಬಟ್ಟೆ ಸರಿಪಡಿಸಿಕೊಳ್ಳುವಾಗ ಪರೀಕ್ಷಕರಿಗೂ ಧ್ವಜಕ್ಕೂ ಬೆನ್ನು ಹಾಕಿ ನಿಂತು ಸರಿಪಡಿಸಿಕೊಳ್ಳುವುದು ಪದ್ಧತಿ.

ಹಲಗೆ ಒಡೆಯುವುದು

ಮೇಲಿನ ಬೆಲ್ಟ್‌ಗಳಿಗೆ ಹಲಗೆ ಬರುತ್ತದೆ. ಹಲಗೆ ಒಡೆಯುವುದು ಮರದ ನಾರಿನ ಉದ್ದಕ್ಕೆ. ಹಿಡಿಯುವವರು ಎಡಬಲದ ಅಂಚುಗಳನ್ನು ಹಿಡಿದಿದ್ದರೆ ನಾರು ಮೇಲಿಂದ ಕೆಳಗೆ ಇರಬೇಕು. ಅಡ್ಡ ಹಿಡಿದರೆ ಎಂಥವರಿಗೂ ಒಡೆಯದು, ಕಾಲು ಮಾತ್ರ ಊದುತ್ತದೆ. ಹಿಡಿಯುವವರ ಮೊಣಕೈ ಬಿಗಿ ಇರಬೇಕು, ಮುಖ ಪಕ್ಕಕ್ಕೆ ತಿರುಗಿರಬೇಕು. ಅವರ ಕೈ ಹಿಂದೆ ಸರಿದರೆ ಒದೆತದ ಬಲವೆಲ್ಲ ಅಲ್ಲೇ ಇಂಗುತ್ತದೆ. ಒದೆಯುವವರ ಗುರಿ ಹಲಗೆಯ ಮೈಯಲ್ಲ, ಅದರ ಹಿಂದಿನ ಒಂದು ಗೇಣು. ಗುರಿ ಹಲಗೆಯೇ ಆದರೆ ಕಾಲು ಮುಟ್ಟುವ ಮುಂಚೆಯೇ ವೇಗ ಕಳೆದುಕೊಳ್ಳುತ್ತದೆ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಹಲಗೆ ತೇವ ಹೀರುತ್ತದೆ. ತೇವದ ಹಲಗೆ ಬಗ್ಗುತ್ತದೆಯೇ ಹೊರತು ಮುರಿಯುವುದಿಲ್ಲ. ಮಳೆಗಾಲದ ಟೆಸ್ಟ್‌ಗೆ ಹಲಗೆಗಳನ್ನು ಕೆಲವು ದಿನ ಮೊದಲೇ ಒಳಗೆ, ನೆಲಕ್ಕೆ ತಾಗದಂತೆ, ಗಾಳಿಯಾಡುವಲ್ಲಿ ಇಡಬೇಕು. ಪ್ರದರ್ಶನಕ್ಕೆಂದು ಹಂಚು ಒಡೆಸುವ ರೂಢಿಯೂ ಅಲ್ಲಲ್ಲಿ ಇದೆ. ಊರಲ್ಲಿ ಹಂಚಿಗೆ ಬರವಿಲ್ಲ ನಿಜ, ಆದರೆ ಒಡೆದ ಹಂಚಿನ ಅಂಚು ಚೂರಿಯಷ್ಟೇ ಹರಿತ. ಮಕ್ಕಳಿಗೆ ಇದು ಬೇಡ.

ಕಪ್ಪು ಬೆಲ್ಟ್

15 ವರ್ಷ ತುಂಬದವರಿಗೆ ಸಿಗುವುದು ‘ಪೂಮ್’, ಕೆಂಪು-ಕಪ್ಪು ಬೆಲ್ಟ್. ವಯಸ್ಸು ತುಂಬಿದ ಮೇಲೆ ಅದನ್ನು ದಾನ್‌ಗೆ ಬದಲಿಸಿಕೊಳ್ಳಬಹುದು. 1ನೇ ದಾನ್‌ನಿಂದ 2ಕ್ಕೆ ಕನಿಷ್ಠ 1 ವರ್ಷ, 2ರಿಂದ 3ಕ್ಕೆ 2 ವರ್ಷ, 3ರಿಂದ 4ಕ್ಕೆ 3 ವರ್ಷ ಕಾಯಬೇಕು. ಕುಕ್ಕಿವೊನ್ ಸರ್ಟಿಫಿಕೇಟ್‌ಗೆ ನಂಬರ್ ಇರುತ್ತದೆ, ಅದು ಅಸಲಿಯೇ ಎಂದು ಅವರ ವೆಬ್‌ಸೈಟ್‌ನಲ್ಲಿ ನೀವೇ ನೋಡಬಹುದು. ಕಪ್ಪು ಬೆಲ್ಟ್ ಕೊಟ್ಟ ಮೇಲೂ ನಂಬರ್ ಬರದಿದ್ದರೆ ಅದು ಆ ಕ್ಲಾಸಿನೊಳಗಿನ ಬೆಲ್ಟ್ ಅಷ್ಟೇ. ದುಡ್ಡು ಕೊಡುವ ಮೊದಲೇ ಕೇಳಿ.

ಟೂರ್ನಮೆಂಟ್‌ಗೆ ಹೆಸರು ಕೊಡುವುದು

ಶಾಲಾ ಮಕ್ಕಳಿಗೆ ಎರಡು ಬಾಗಿಲು. ಶಿಕ್ಷಣ ಇಲಾಖೆಯ ಕ್ರೀಡಾಕೂಟದ ಮೂಲಕ ಹೋಗುವುದು ಒಂದು. ಅದಕ್ಕೆ ನಿಮ್ಮ ಮಾಸ್ಟರ್ ಸಾಲದು, ಶಾಲೆಯ ಪಿಟಿ ಸರ್ ಹೆಸರು ಕಳಿಸಬೇಕು, ಹೆಡ್‌ಮಾಸ್ಟರ್ ಸಹಿ ಬೀಳಬೇಕು. ಹಾಗಾಗಿ ಜೂನ್‌ನಲ್ಲೇ ಪಿಟಿ ಸರ್‌ಗೆ ಹೇಳಿಡಿ. ಸಂಸ್ಥೆಗಳು ನಡೆಸುವ ಓಪನ್ ಮತ್ತು ಆಯ್ಕೆ ಪಂದ್ಯಗಳು ಇನ್ನೊಂದು. ಅದು ಯಾವ ಸಂಸ್ಥೆ, ಅಲ್ಲಿ ಗೆದ್ದರೆ ಮುಂದೆ ಎಲ್ಲಿಗೆ ಕಳಿಸುತ್ತಾರೆ ಎಂದು ಮೊದಲೇ ವಿಚಾರಿಸಿ. ವಯಸ್ಸಿನ ಲೆಕ್ಕವೂ ಎರಡರಲ್ಲಿ ಬೇರೆ: ಶಾಲಾ ಕೂಟದಲ್ಲಿ 14, 17, 19ರ ಒಳಗೆ ಎಂಬ ವಿಭಾಗಗಳಾದರೆ, ವರ್ಲ್ಡ್ ಟೇಕ್ವಾಂಡೊ ಲೆಕ್ಕದಲ್ಲಿ ಕೆಡೆಟ್ 12ರಿಂದ 14, ಜೂನಿಯರ್ 15ರಿಂದ 17. ಜನ್ಮದಾಖಲೆ, ಆಧಾರ್, ಶಾಲೆಯ ಪತ್ರ, ವೈದ್ಯರ ಫಿಟ್‌ನೆಸ್ ಪತ್ರ, ಬೆಲ್ಟ್ ಸರ್ಟಿಫಿಕೇಟ್, ಫೋಟೊ ಇಷ್ಟೂ ಒಂದು ಫೈಲ್‌ನಲ್ಲಿ ವರ್ಷವಿಡೀ ಸಿದ್ಧ ಇರಲಿ.

ತೂಕದ ವಿಷಯದಲ್ಲಿ ತಪ್ಪು ಮಾಡುವವರು ಮಕ್ಕಳಿಗಿಂತ ದೊಡ್ಡವರು. ದೊಡ್ಡವರ ವಿಭಾಗಗಳಲ್ಲಿ ಒಲಿಂಪಿಕ್ಸ್ ಗಡಿ ಪುರುಷರಿಗೆ 58, 68, 80 ಕಿಲೊ ಮತ್ತು ಅದಕ್ಕೆ ಮೇಲೆ, ಮಹಿಳೆಯರಿಗೆ 49, 57, 67 ಮತ್ತು ಅದಕ್ಕೆ ಮೇಲೆ. ಮಕ್ಕಳ ಗಡಿಗಳನ್ನು ಆಯಾ ಟೂರ್ನಮೆಂಟ್‌ನ ಸುತ್ತೋಲೆಯಲ್ಲೇ ನೋಡಬೇಕು. ಒಂದು ಕಿಲೊ ಹೆಚ್ಚಿದೆ ಎಂದು ನೀರು ಬಿಡಿಸಿ, ರೈನ್‌ಕೋಟ್ ಹಾಕಿಸಿ ಓಡಿಸುವುದನ್ನು ನಮ್ಮ ಸೆಕೆಯಲ್ಲಂತೂ ಮಾಡಲೇಬೇಡಿ. ಬೆವರು ಆರದ ಹವೆಯಲ್ಲಿ ಮೈ ತಂಪಾಗುವುದಿಲ್ಲ, ತಲೆಸುತ್ತಿ ಬೀಳುತ್ತಾರೆ. ಬೆಳೆಯುವ ಮಗುವನ್ನು ಮೇಲಿನ ವಿಭಾಗದಲ್ಲೇ ಆಡಿಸಿ. ತಿಂಗಳಿಗೆ ಎರಡು ಸಲ, ಬೆಳಗ್ಗೆ ಬರಿಹೊಟ್ಟೆಯಲ್ಲಿ, ಒಂದೇ ತೂಕದ ಯಂತ್ರದಲ್ಲಿ ನೋಡಿ ಬರೆದಿಟ್ಟರೆ ಕೊನೆಯ ಗಡಿಬಿಡಿ ಇರದು.

ಸಾಮಾನು ಮತ್ತು ಅಂಕ

ಹೆಡ್ ಗಾರ್ಡ್, ‘ಹೋಗು’ ಎಂಬ ಎದೆಕವಚ, ತೊಡೆಸಂದಿಯ ಗಾರ್ಡ್, ಮುಂಗೈ ಮತ್ತು ಮೊಣಕಾಲಿನ ಕೆಳಗಿನ ಗಾರ್ಡ್‌ಗಳು, ಗ್ಲೌಸ್, ಹಲ್ಲಿಗೆ ಮೌತ್ ಗಾರ್ಡ್. ಮೌತ್ ಗಾರ್ಡ್ ಬಿಳಿಯದೋ ಪಾರದರ್ಶಕದ್ದೋ ಆಗಿರಬೇಕು, ಬಣ್ಣದ್ದಾದರೆ ತಪಾಸಣೆಯಲ್ಲಿ ವಾಪಸ್ ಕಳಿಸುತ್ತಾರೆ. ಬಿಸಿನೀರಿನಲ್ಲಿ ಮೆತ್ತಗೆ ಮಾಡಿ ಕಚ್ಚಿ ಅಚ್ಚು ಹಾಕುವ ನಮೂನೆಯದನ್ನು ಹಿಂದಿನ ದಿನವೇ ಅಚ್ಚು ಹಾಕಿಡಿ.

ಕೈಗುದ್ದು ಎದೆಗೆ ಬಿದ್ದರೆ 1 ಅಂಕ, ಒದೆತ ಎದೆಗೆ ಬಿದ್ದರೆ 2, ತಲೆಗೆ 3. ತಿರುಗಿ ಒದ್ದದ್ದಕ್ಕೆ ಇನ್ನೂ ಹೆಚ್ಚು. ಎಲೆಕ್ಟ್ರಾನಿಕ್ ಹೋಗು ಇದ್ದಲ್ಲಿ ಕಾಲ್ಚೀಲದೊಳಗಿನ ಅಯಸ್ಕಾಂತ ಹೋಗುವಿನ ಸೆನ್ಸರ್‌ಗೆ ಬೇಕಾದಷ್ಟು ಬಲದಲ್ಲಿ ತಾಗಬೇಕು. ಚೀಲ ಸಡಿಲವಿದ್ದು ಪಾದದ ಮೇಲೆ ತಿರುಚಿಕೊಂಡರೆ ಸದ್ದು ಬರುತ್ತದೆ, ಅಂಕ ಬರುವುದಿಲ್ಲ. ಸರಿಯಾದ ಅಳತೆಯ ಚೀಲ ಕೇಳಿ ತೆಗೆದುಕೊಳ್ಳಿ. ಜಿಲ್ಲಾ ಮಟ್ಟದಲ್ಲಿ ಸೆನ್ಸರ್ ಇಲ್ಲದೆ ಜಡ್ಜ್‌ಗಳೇ ಅಂಕ ಒತ್ತುವುದೂ ಉಂಟು, ಮೊದಲೇ ಕೇಳಿ ತಿಳಿಯಿರಿ. ಅಲ್ಲಿ ಒದೆತ ಜಡ್ಜ್‌ಗಳಿಗೆ ಕಾಣುವಂತೆ, ಸ್ಪಷ್ಟ ಸದ್ದಿನೊಂದಿಗೆ ಬೀಳಬೇಕು. ಎದುರಾಳಿಗೆ ಅಂಟಿಕೊಂಡು ತಳ್ಳಾಡುತ್ತ ಹೊಡೆದದ್ದು ಅವರ ಕಣ್ಣಿಗೆ ಬೀಳುವುದಿಲ್ಲ.

ಎರಡು ನಿಮಿಷದ ಮೂರು ಸುತ್ತು, ನಡುವೆ ಒಂದು ನಿಮಿಷ ವಿರಾಮ. ಎರಡು ಸುತ್ತು ಗೆದ್ದವರು ಗೆದ್ದಂತೆ. ಚಿಕ್ಕವರಿಗೆ ಸುತ್ತಿನ ಸಮಯ ಕಡಿಮೆ ಮಾಡುವುದುಂಟು. ಹೊಸಬರು ಸೋಲುವುದು ಎದುರಾಳಿಯ ಒದೆತಕ್ಕಿಂತ ಹೆಚ್ಚಾಗಿ ‘ಕಾಮ್‌ಜೊಮ್’ ಎಂಬ ದಂಡದಿಂದ. ಗೆರೆ ದಾಟಿದರೆ, ಬಿದ್ದರೆ, ಹಿಡಿದರೆ, ಬೆನ್ನು ತಿರುಗಿಸಿ ಓಡಿದರೆ, ಸೊಂಟದ ಕೆಳಗೆ ಒದ್ದರೆ ಎದುರಾಳಿಗೆ ಒಂದೊಂದು ಅಂಕ. ಒಂದೇ ಸುತ್ತಿನಲ್ಲಿ ಐದಾದರೆ ಆ ಸುತ್ತೇ ಹೋಯಿತು. ಆಡುವ ಜಾಗ 8 ಮೀಟರ್‌ನ ಎಂಟುಮೂಲೆ. ಕ್ಲಾಸಿನ ಮ್ಯಾಟ್ ಮೇಲೆ ಟೇಪ್ ಅಂಟಿಸಿ ಅದೇ ಅಳತೆಯಲ್ಲಿ ಆಡಿಸಿದರೆ ಗೆರೆಯ ಅರಿವು ಕಾಲಿಗೇ ಬರುತ್ತದೆ. ದೊಡ್ಡ ಹಾಲ್‌ನಲ್ಲಿ ಗೆರೆಯಿಲ್ಲದೆ ಆಡಿ ರೂಢಿಯಾದವರು ನೇರ ಹಿಂದಕ್ಕೆ ಹೆಜ್ಜೆ ಇಡುತ್ತಾರೆ. ಪಕ್ಕಕ್ಕೆ ಸರಿಯುವುದನ್ನು ಕಲಿಸಿ.

ಹೊಡೆದಾಟ ಒಗ್ಗದ ಮಕ್ಕಳಿಗೆ ಪೂಮ್ಸೆ ಸ್ಪರ್ಧೆ ಇದೆ. 10ರಲ್ಲಿ 4 ಅಂಕ ಖಚಿತತೆಗೆ, 6 ಪ್ರಸ್ತುತಿಗೆ. ಸಣ್ಣ ತಪ್ಪಿಗೆ 0.1, ದೊಡ್ಡದಕ್ಕೆ 0.3 ಕಳೆಯುತ್ತಾರೆ. ಟೆಸ್ಟ್‌ಗೆ ನಿಲುವು ಅಳೆದು ಕಲಿತ ಮಗುವಿಗೆ ಇಲ್ಲಿ ನೇರ ಲಾಭ.

ಆ ದಿನ

ಬೆಂಗಳೂರಿಗೆ ರಾತ್ರಿ ಬಸ್ಸಿನಲ್ಲಿ ಹೋಗುವುದಾದರೆ ಶಿರಾಡಿ ಘಾಟಿಯಲ್ಲಿ ವಾಂತಿ ಮಾಡುವ ಮಗುವಿಗೆ ರೈಲೇ ವಾಸಿ. ಮೌತ್ ಗಾರ್ಡ್ ಮತ್ತು ದಾಖಲೆಗಳ ಫೈಲ್ ಡಿಕ್ಕಿಯಲ್ಲಿ ಬೇಡ, ಕೈಚೀಲದಲ್ಲಿ ಇರಲಿ. ತೂಕ ಮುಗಿದ ಮೇಲೆ ಕುಚ್ಚಲಕ್ಕಿ ಗಂಜಿ, ಉಪ್ಪು, ಬಾಳೆಹಣ್ಣು ಕೊಡಿ. ಗೋಳಿಬಜೆ, ಬನ್ಸ್ ಗೆದ್ದ ಮೇಲೆ ಆಯಿತು. ಒಂಬತ್ತಕ್ಕೆ ಬನ್ನಿ ಎಂದವರು ಆಡಿಸುವುದು ಮೂರಕ್ಕೂ ಆಗಬಹುದು. ಹಾಗಾಗಿ ಎರಡು ಗಂಟೆಗೊಮ್ಮೆ ಸ್ವಲ್ಪ ಸ್ವಲ್ಪ ತಿನ್ನಿಸಿ, ನೀರನ್ನೋ ಬೊಂಡವನ್ನೋ ಗುಟುಕು ಗುಟುಕಾಗಿ ಕುಡಿಸಿ. ಹೆಸರು ಕರೆಯಲು ಇನ್ನು ಇಪ್ಪತ್ತು ನಿಮಿಷ ಇದೆ ಎನ್ನುವಾಗ ಮೈ ಬಿಸಿ ಮಾಡಿಕೊಳ್ಳಲು ಶುರುಮಾಡಲಿ. ತಲೆಗೆ ಪೆಟ್ಟು ಬಿದ್ದು ತಲೆನೋವು, ಮಬ್ಬು, ವಾಂತಿ ಕಾಣಿಸಿಕೊಂಡರೆ ಆ ದಿನದ ಆಟ ಮುಗಿಯಿತು, ಡಾಕ್ಟರ್ ಬಳಿ ಹೋಗಿ. ಫೈನಲ್ ಆಗಿದ್ದರೂ ಅಷ್ಟೇ.

ಮಳೆಗಾಲದ ನಿರ್ವಹಣೆ

ಆಟಿ ತಿಂಗಳಲ್ಲಿ ಒಂದು ರಾತ್ರಿ ಬ್ಯಾಗಿನಲ್ಲೇ ಉಳಿದ ಹೋಗು ಬೂಸ್ಟು ಹಿಡಿಯುತ್ತದೆ. ಮನೆಗೆ ಬಂದ ಕೂಡಲೇ ಹೊರತೆಗೆದು ಒದ್ದೆ ಬಟ್ಟೆಯಲ್ಲಿ ಒರೆಸಿ ಫ್ಯಾನ್ ಅಡಿಯಲ್ಲಿ ತೂಗುಹಾಕಿ. ಬಿಸಿಲು ಬಂತೆಂದು ಅಂಗಳದಲ್ಲಿ ಒಣಗಿಸಿದರೆ ಮೇಲ್ಪದರ ಬಿರಿಯುತ್ತದೆ. ಗಾರ್ಡ್‌ಗಳೊಳಗೆ ಹಳೆಯ ಪೇಪರ್ ತುರುಕಿಟ್ಟರೆ ತೇವ ಎಳೆಯುತ್ತದೆ. ಡೊಬೊಕ್, ಅಂದರೆ ಆಟದ ಬಿಳಿ ಬಟ್ಟೆ, ಎರಡು ಜೊತೆ ಇಲ್ಲದಿದ್ದರೆ ಈ ತಿಂಗಳುಗಳಲ್ಲಿ ಒಣಗದ ಬಟ್ಟೆಯನ್ನೇ ಹಾಕಿಕೊಂಡು ಹೋಗಬೇಕಾಗುತ್ತದೆ. ಬರಿಗಾಲಿನ ಆಟವಾದ್ದರಿಂದ ಕಾಲ್ಬೆರಳ ಸಂದುಗಳನ್ನು ಪೂರ್ತಿ ಒರೆಸಬೇಕು. ತುರಿಕೆ, ಬಿಳಿಚರ್ಮ ಕಂಡರೆ ವಾಸಿಯಾಗುವವರೆಗೆ ಮ್ಯಾಟ್‌ಗೆ ಇಳಿಸಬೇಡಿ, ಇಡೀ ಬ್ಯಾಚಿಗೆ ಹರಡುತ್ತದೆ.

ಮೆಡಲ್‌ಗಿಂತ ಮೊದಲು ನೋಡಬೇಕಾದ್ದು ಸರ್ಟಿಫಿಕೇಟ್‌ನಲ್ಲಿರುವ ಹೆಸರು. ನಮ್ಮಲ್ಲಿ ಶಾಲೆಯ ದಾಖಲೆಯಲ್ಲಿ ಇನಿಶಿಯಲ್, ಆಧಾರ್‌ನಲ್ಲಿ ಶೆಟ್ಟಿ, ಪೂಜಾರಿ ಎಂದು ಪೂರ್ತಿ ಹೆಸರು, ಮಾಸ್ಟರ್ ಬರೆದುಕೊಟ್ಟ ಪಟ್ಟಿಯಲ್ಲಿ ಮನೆಯ ಮುದ್ದಿನ ಹೆಸರು ಇರುವುದು ಮಾಮೂಲು. ಮುಂದೆ ಕ್ರೀಡಾ ಕೋಟಾಕ್ಕೆ ಅರ್ಜಿ ಹಾಕುವಾಗ ಮೂರೂ ತಾಳೆಯಾಗಬೇಕು. ಎಂಟ್ರಿ ಫಾರ್ಮ್‌ನಲ್ಲಿ ಶಾಲಾ ದಾಖಲೆಯ ಹೆಸರನ್ನೇ ಅಕ್ಷರಕ್ಕಕ್ಷರ ಬರೆಯಿರಿ, ಸರ್ಟಿಫಿಕೇಟ್‌ನಲ್ಲಿ ತಪ್ಪಿದ್ದರೆ ಆಯೋಜಕರ ಸೀಲು ಮೇಜಿನ ಮೇಲಿರುವಾಗಲೇ ತಿದ್ದಿಸಿಕೊಂಡು ಹಾಲ್‌ನಿಂದ ಹೊರಡಿ.