ಬಿಪಿ ನೋಡೋ ನೆಪದಲ್ಲಿ

ಚಳ್ಳಕೆರೆ ತಾಲ್ಲೂಕಿನ ಒಂದು ಉಪಕೇಂದ್ರದಲ್ಲಿ ನಾನು ಸಮುದಾಯ ಆರೋಗ್ಯ ಅಧಿಕಾರಿ. ಊರಿನವರ ಬಾಯಲ್ಲಿ ಸಿಸ್ಟರಮ್ಮ. ಬಿಪಿ, ಶುಗರ್, ಲಸಿಕೆ ಇವುಗಳ ಜೊತೆಗೆ ಬಸುರಿ, ಬಾಣಂತಿಯರ ಮನಸ್ಸಿನ ಕಡೆಗೂ ಗಮನ ಕೊಡಿ ಅಂತ ತರಬೇತಿಯಲ್ಲಿ ಹೇಳಿದ್ದರು. ಹತ್ತು ಪ್ರಶ್ನೆಗಳ ಒಂದು ಹಾಳೆಯನ್ನೂ ಕೊಟ್ಟಿದ್ದರು.

ಅದು ಎಡಿನ್‌ಬರೋ ಪ್ರಶ್ನಾವಳಿ. 1987ರಲ್ಲಿ ಬ್ರಿಟನ್ನಿನಲ್ಲಿ ತಯಾರಾದದ್ದು, ಈಗ ಕನ್ನಡದಲ್ಲೂ ಇದೆ. ಕಳೆದ ಏಳು ದಿನ ಮನಸ್ಸು ಹೇಗಿತ್ತು ಅಂತ ಕೇಳುತ್ತದೆ. ಪ್ರತಿ ಉತ್ತರಕ್ಕೆ 0ರಿಂದ 3 ಅಂಕ, ಒಟ್ಟು 30. ಸಾಮಾನ್ಯವಾಗಿ 13 ಅಥವಾ ಜಾಸ್ತಿ ಬಂದರೆ ಖಿನ್ನತೆ ಇರಬಹುದು, ಡಾಕ್ಟರಿಗೆ ತೋರಿಸಬೇಕು. ಹಾಳೆ ಸಿಕ್ಕಾಗ ಇದೇನು ಮಹಾ ಅಂದುಕೊಂಡಿದ್ದೆ.

ಮೊದಲು ಕೇಳಿದ್ದು ಎರಡನೇ ಹೆಣ್ಣುಮಗು ಹೆತ್ತಿದ್ದ ಒಬ್ಬಳನ್ನು. ಶೇಂಗಾ ಕೀಳುವ ಕಾಲ, ಅಂಗಳದ ತುಂಬಾ ಬಳ್ಳಿ, ಸುತ್ತ ಕಾಯಿ ಬಿಡಿಸುವ ಹೆಂಗಸರು. ಅಲ್ಲೇ ಕೂತು "ಅಳು ಬರುತ್ತೇನಮ್ಮ?" ಅಂದೆ. ಉತ್ತರ ಕೊಟ್ಟದ್ದು ಅತ್ತೆ. "ಅಳೋಕೆ ಏನಾಗೈತೆ ಅವಳಿಗೆ? ಎರಡು ಹೊತ್ತು ಬಿಸಿನೀರು, ಬಿಸಿ ಅನ್ನ." ಅವಳು ತಲೆ ಎತ್ತಲಿಲ್ಲ. ನಾನು ಸೊನ್ನೆ ಬರೆದೆ. ಹತ್ತಕ್ಕೂ ಸೊನ್ನೆ ಬರೆದು ಚಹಾ ಕುಡಿದು ಬಂದೆ.

ಮೂರು ವಾರ ಆದ ಮೇಲೆ ಆಶಾ ಅಕ್ಕ ಫೋನ್ ಮಾಡಿದರು. "ಮೇಡಂ, ಅವಳು ಮಗೀನ ಎತ್ಕೊಳ್ತಿಲ್ಲ. ಯಾರಿಗಾದ್ರೂ ಕೊಟ್ಬಿಡ್ರಿ ಅಂತಾಳೆ." ಹೋಗಿ ಒಳಕೋಣೆಯಲ್ಲಿ ಒಬ್ಬಳನ್ನೇ ಕೂರಿಸಿ ಅದೇ ಹಾಳೆ ಓದಿದೆ. 19 ಬಂತು. ಹಾಳೆ ಅದೇ, ಹೆಂಗಸೂ ಅವಳೇ. ತಪ್ಪಿದ್ದು ನಾನು ಕೂತ ಜಾಗ.

ಆಮೇಲೆ ಕಂಡುಕೊಂಡ ಉಪಾಯ ಬಿಪಿ ಮಿಷನ್ನು. "ಬಿಪಿ ನೋಡುವಾಗ ಸದ್ದು ಇರಬಾರದು, ಎಲ್ಲರೂ ಸ್ವಲ್ಪ ಹೊರಗಿರಿ" ಅಂದರೆ ಯಾವ ಅತ್ತೆಯೂ ಎದುರು ಮಾತಾಡುವುದಿಲ್ಲ. ಸುಳ್ಳೇನಲ್ಲ. ಬಿಪಿ ನೋಡುವ ಮೊದಲು ಐದು ನಿಮಿಷ ಸುಮ್ನೆ ಕೂತಿರಬೇಕು ಅನ್ನುವುದು ನಿಜವೇ. ಬಿಪಿ ನೋಡಿಯೂ ನೋಡುತ್ತೇನೆ. ಪಟ್ಟಿ ಬಿಚ್ಚಿದ ಮೇಲೆ ತಕ್ಷಣ ಬಾಗಿಲು ತೆಗೆಯುವುದಿಲ್ಲ, ಅಷ್ಟೇ.

ಹಾಳೆಯನ್ನೂ ಮೊದಲೇ ತೆಗೆಯುವುದಿಲ್ಲ. ಮಗುವಿನ ಮಾತಿಂದ ಶುರು. ಹಾಲು ಸಾಕಾಗುತ್ತಾ, ರಾತ್ರಿ ಎಷ್ಟು ಸಲ ಏಳುತ್ತೆ ಅಂತ ಕೇಳುತ್ತೇನೆ. ಆಮೇಲೆ, "ಮಗು ಮಲಗಿದಾಗ ನಿಂಗೆ ನಿದ್ದೆ ಬರುತ್ತಾ?" ಮಗು ಎಬ್ಬಿಸಿ ನಿದ್ದೆಗೆಟ್ಟರೆ ಅದು ಬಾಣಂತನ. ಮಗು ಮಲಗಿದ್ದರೂ, ಮೈ ದಣಿದಿದ್ದರೂ ಕಣ್ಣು ಮುಚ್ಚದಿದ್ದರೆ ನಾನು ಹತ್ತಿರ ಸರಿದು ಕೂರುತ್ತೇನೆ. "ಬೇಜಾರಾ?" ಅಂದರೆ ಇಲ್ಲ ಅನ್ನುವವರು ನಿದ್ದೆಯ ಮಾತಿಗೆ ಬಾಯಿ ಬಿಡುತ್ತಾರೆ. ನಮ್ಮ ಕಡೆ ಖಿನ್ನತೆ ಅನ್ನುವ ಮಾತು ಯಾರ ಬಾಯಲ್ಲೂ ಇಲ್ಲ. ತಲೆ ಭಾರ, ಎದೆ ಡವಡವ, "ಯಾವ್ದೂ ಬ್ಯಾಡ ಅನ್ನುಸ್ತೈತೆ" ಇವೇ ಅದರ ಹೆಸರು.

ಹಾಳೆಯ ಹತ್ತನೇ ಪ್ರಶ್ನೆ, ತನಗೆ ತಾನೇ ಏನಾದರೂ ಮಾಡಿಕೊಳ್ಳುವ ಯೋಚನೆ ಬಂತಾ ಅನ್ನುವುದು. ಕೇಳಿದರೆ ನಾನೇ ತಲೆಗೆ ಹಾಕಿದ ಹಾಗಾಗುತ್ತೆ ಅಂತ ಹೆದರುತ್ತಿದ್ದೆ. ಹಾಗಾಗುವುದಿಲ್ಲ. ಕೇಳಿದಾಗ ಜಾಸ್ತಿ ಜನಕ್ಕೆ ಹಗುರವೇ ಆಗುತ್ತದೆ. ಅಲ್ಲಿ ಸೊನ್ನೆ ಬಿಟ್ಟು ಬೇರೇನೇ ಬಂದರೂ ಒಟ್ಟು ಅಂಕ ನೋಡುತ್ತಾ ಕೂರುವುದಿಲ್ಲ, ಅವತ್ತೇ ಡಾಕ್ಟರಿಗೆ ತಿಳಿಸುತ್ತೇನೆ. ಹೊಲಕ್ಕೆ ಹೊಡೆಯುವ ಔಷಧಿ ಮನೆಯಲ್ಲಿದ್ದರೆ ಗಂಡನ ಕೈಲಿ ಬೇರೆ ಕಡೆ ಸಾಗಿಸಿ, ಜೊತೆಗೆ ಒಬ್ಬರು ಇರುವ ಹಾಗೆ ಮಾಡುತ್ತೇನೆ.

ಎಲ್ಲ ಅಳುವೂ ಕಾಯಿಲೆಯಲ್ಲ. ಹೆರಿಗೆಯಾದ ಮೂರನೇ, ನಾಲ್ಕನೇ ದಿನ ಸುಮ್ಸುಮ್ನೆ ಅಳು ಬರುವುದು ಬಹಳ ಮಂದಿಗೆ ಇದ್ದದ್ದೇ. ಎರಡು ವಾರದೊಳಗೆ ತಾನಾಗೇ ಹೋಗುತ್ತದೆ. ಆಸ್ಪತ್ರೆ ಹೆರಿಗೆಯಾದರೆ ಆಶಾ 3, 7, 14, 21, 28, 42ನೇ ದಿನ ಮನೆಗೆ ಹೋಗಬೇಕು. ಅದರಲ್ಲಿ 14 ಮತ್ತು 42ಕ್ಕೆ ನಾನೂ ಬೈಕ್ ಹತ್ತುತ್ತೇನೆ. 14ಕ್ಕೂ ಅಳು ನಿಂತಿಲ್ಲ ಅಂದರೆ ಲೆಕ್ಕ ಬೇರೆ.

19 ಬಂದಿದ್ದ ಆ ಹುಡುಗಿಗೆ ಮೊದಲು ರಕ್ತ ಪರೀಕ್ಷೆ ಮಾಡಿಸಿದೆವು. ರಕ್ತಹೀನತೆ, ಥೈರಾಯ್ಡ್ ಎರಡೂ ಹೀಗೇ ಸುಸ್ತು ಮಾಡುತ್ತವೆ. ಮಂಗಳವಾರ ಮನೋಚೈತನ್ಯ ಕ್ಲಿನಿಕ್‌ಗೆ, ಅಂದರೆ ಸರ್ಕಾರಿ ಆಸ್ಪತ್ರೆಯಲ್ಲಿ ಮನಸ್ಸಿನ ಕಾಯಿಲೆ ನೋಡುವ ಕಡೆಗೆ, ಕರೆದುಕೊಂಡು ಹೋದೆ. ಸರ್ಟ್ರಾಲಿನ್ ಮಾತ್ರೆ ಬರೆದರು. ಮೊಲೆಹಾಲಿಗೆ ಅದು ಬಹಳ ಕಡಿಮೆ ಸೇರುತ್ತದೆ, ಹಾಲು ಬಿಡಿಸಬೇಕಿಲ್ಲ ಅಂದರು. ಮನೆಯವರು ನಾಲ್ಕನೇ ದಿನಕ್ಕೇ "ಏನೂ ಗುಣ ಇಲ್ಲ" ಅಂತ ನಿಲ್ಲಿಸಲು ಹೊರಟಿದ್ದರು. ಗುಣ ಕಾಣಲು ಎರಡರಿಂದ ನಾಲ್ಕು ವಾರ ಬೇಕು. ಇದನ್ನು ಮೊದಲ ದಿನವೇ ಹೇಳದ್ದು ನನ್ನ ಎರಡನೇ ತಪ್ಪು.

ಮಾತ್ರೆಯಷ್ಟೇ ಕೆಲಸ ಮಾಡಿದ್ದು ಗಂಡನ ಜೊತೆ ಆಡಿದ ಮಾತು. ರಾತ್ರಿ ಒಂದು ಹೊತ್ತು ಮಗುವನ್ನು ನೀನು ನೋಡಿಕೋ, ಅವಳು ನಾಲ್ಕೈದು ಗಂಟೆ ಒಂದೇ ಸಮ ಮಲಗಲಿ ಅಂದೆ. ಮತ್ತೆ ಹೆಣ್ಣೇ ಅಂತ ಮನೆಯಲ್ಲಿ ಯಾರು ರಾಗ ಎಳೆದರೂ ಬಾಯಿ ಮುಚ್ಚಿಸುವುದು ನಿನ್ನ ಕೆಲಸ ಅಂದೆ. ಈ ಎರಡನೆಯದು ಅವನಿಗೆ ಕಷ್ಟವಾಯ್ತು. ಅವನ ಅಮ್ಮ ಅಲ್ವಾ.

ಬೇರೆ ಊರಿನಲ್ಲಿ ಇನ್ನೊಬ್ಬಳ ಕಥೆ ಅವಸರದ್ದು. ಐದನೇ ದಿನ. ಎರಡು ರಾತ್ರಿ ರೆಪ್ಪೆ ಮುಚ್ಚಿಲ್ಲ, ಸೂರಿನ ಕಡೆ ನೋಡಿ ಯಾರ ಜೊತೆಗೋ ಮಾತು, ಮಗು ತನ್ನದಲ್ಲ ಅನ್ನುತ್ತಿದ್ದಾಳೆ. ಹಳಬರು ಬಾಣಂತಿ ಸನ್ನಿ ಅನ್ನುತ್ತಿದ್ದುದು ಇದನ್ನೇ. ಸಾವಿರ ಹೆರಿಗೆಗೆ ಒಂದೆರಡು ಆಗುತ್ತದೆ. ತಾಯಿಗೂ ಮಗುವಿಗೂ ಅಪಾಯ, ನಾಳೆಗೆ ಬಿಡುವ ಹಾಗಿಲ್ಲ. ಗಾಳಿ ಸೋಕಿದೆ ಅಂತ ನಾಯಕನಹಟ್ಟಿಗೆ ಹೊರಟು ನಿಂತಿದ್ದರು. ದೇವರ ವಿಷಯದಲ್ಲಿ ನಾನು ವಾದಕ್ಕೆ ಇಳಿಯಲ್ಲ. "ತಿಪ್ಪೇರುದ್ರಸ್ವಾಮಿಗೆ ಇಲ್ಲಿಂದಲೇ ಹರಕೆ ಕಟ್ಟಿಕೊಳ್ಳಿ, ಗುಣವಾದ ಮೇಲೆ ಅವಳನ್ನೇ ಕರ್ಕೊಂಡು ಹೋಗಿ. ಗಾಡಿ ಈಗ ಚಿತ್ರದುರ್ಗದ ಆಸ್ಪತ್ರೆಗೆ ಹೋಗಲಿ" ಅಂದು 108ಕ್ಕೆ ಫೋನ್ ಮಾಡಿದೆ. ಮಗುವನ್ನು ಬಿಟ್ಟು ಹೋಗಬೇಕಾ ಅಂತ ಅವಳ ತಾಯಿಗೆ ಭಯ. ಮೂರು ವರ್ಷದೊಳಗಿನ ಮಗುವನ್ನು ಚಿಕಿತ್ಸೆಯಲ್ಲಿರುವ ತಾಯಿಯಿಂದ ಸುಮ್ಮನೆ ಬೇರೆ ಮಾಡುವಂತಿಲ್ಲ ಅಂತ 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲೇ ಇದೆ. ತಾಯಿಯಿಂದ ಮಗುವಿಗೆ ಅಪಾಯ ಅಂತ ಮನೋವೈದ್ಯರಿಗೆ ಅನ್ನಿಸಿದರೆ ಸ್ವಲ್ಪ ದಿನ ಬೇರೆ ಇಡಬಹುದು. ಮಗುವನ್ನು ಅಜ್ಜಿಯ ಮಡಿಲಲ್ಲಿಟ್ಟು ಅದೇ ಗಾಡಿಯಲ್ಲಿ ಕಳಿಸಿದೆವು. ಆರೇಳು ತಿಂಗಳ ನಂತರ ಜಾತ್ರೆಯಲ್ಲಿ ಸಿಕ್ಕಳು. ನನ್ನ ಗುರುತು ಹತ್ತಲಿಲ್ಲ, ನಾನೂ ನೆನಪಿಸಲಿಲ್ಲ.

ಈಗ ಹೆರಿಗೆಯವರೆಗೆ ಕಾಯುವುದಿಲ್ಲ. ತಿಂಗಳ 9ರಂದು ಬಸುರಿಯರ ತಪಾಸಣೆ ನಡೆಯುತ್ತದಲ್ಲ, ಅಲ್ಲೇ ನಿದ್ದೆಯ ಮಾತು ಕೇಳಿಬಿಡುತ್ತೇನೆ. ಎಲ್ಲರ ತಾಯಿ ಕಾರ್ಡಿನ ಹಿಂದೆ 14416 ಬರೆದು ಕೊಡುತ್ತೇನೆ. ಅದು ಟೆಲಿ ಮನಸ್, ಮನಸ್ಸಿನ ತೊಂದರೆಗೆ ಸರ್ಕಾರದ ಸಹಾಯವಾಣಿ. ಯಾವ ಹೊತ್ತಿನಲ್ಲಾದರೂ ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಬೇಡ.

ಮೊನ್ನೆ ಆ ಮೊದಲ ಮನೆಯ ಪಕ್ಕದಲ್ಲೇ ಒಂದು ಬಾಣಂತನ. ನಾನು ಬ್ಯಾಗ್ ತೆರೆಯುವ ಮೊದಲೇ ಆ ಹಳೇ ಅತ್ತೆ ಬಂದು ಅಲ್ಲಿದ್ದ ಹೆಂಗಸರನ್ನು ಎಬ್ಬಿಸಿದರು. "ಏಳ್ರೇ, ಸಿಸ್ಟರಮ್ಮ ಬಿಪಿ ನೋಡ್ಬೇಕು. ಅರ್ಧ ಗಂಟೆ ಹಿಡೀತೈತೆ."